ಎಪ್ಪತ್ತೇಳನೇ ನಂಬರಿನ ಮೀಸೆ ಮೇಣ

ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ತರಲೆ ಅಂತ. ಡಿಗ್ರಿ ಎರಡನೇ ವರ್ಷಕ್ಕೆ ಬಂದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಈ ತರಲೆಗೆ ಪ್ರಪಂಚದಲ್ಲಿ ಬೇಕಾಗಿದ್ದದ್ದು ಒಂದೇ ಒಂದು, ಅಡುಗೆಮನೆ ಪಕ್ಕದ ಚಿಕ್ಕ ರೂಮು.

ಯಾಕೆಂದರೆ ಅವಳು ಮಲಗುತ್ತಿದ್ದದ್ದು ಅಜ್ಜಿಯ ಮಂಚದಲ್ಲಿ. ಅಜ್ಜಿ ಮೂವತ್ತೆರಡು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ರಿಟೈರಾಗಿ ಎಷ್ಟೋ ಕಾಲವಾಗಿದ್ದರೂ ಅಜ್ಜಿಯ ನಿದ್ದೆ ಇನ್ನೂ ಡ್ಯೂಟಿಯ ಮೇಲಿತ್ತು. ಕಣ್ಣು ಮುಚ್ಚಿಕೊಂಡೇ "ಹದಿನೇಳೆಂಟ್ಲಿ?" ಎಂದು ಮಗ್ಗಿ ಕೇಳುವರು. ಪಕ್ಕದಲ್ಲಿ ಮಲಗಿದವರಿಂದ ಉತ್ತರ ಬರುವ ತನಕ ಕಿವಿ ಹಿಂಡುವರು. ತರಲೆ ಓದುತ್ತಿದ್ದದ್ದು ಇತಿಹಾಸ. ಅವಳ ಎಡಗಿವಿ ಬಲಗಿವಿಗಿಂತ ಒಂದು ಬೆರಳು ಉದ್ದವಾಗಿದೆ ಎಂದು ಗೆಳತಿಯರೇ ಅಳತೆ ಮಾಡಿ ಹೇಳಿದ್ದರು.

ಚಿಕ್ಕ ರೂಮಿನಲ್ಲಿ ಮಾತ್ರ ಕಾಲಿಡಲು ಜಾಗವಿರಲಿಲ್ಲ. ಅಪ್ಪನಿಗೆ 'ಒಂದು ಕೊಂಡರೆ ಒಂದು ಫ್ರೀ' ಎಂಬ ಬೋರ್ಡು ಕಂಡರೆ ಸಾಕು, ಕಾಲು ತಾನಾಗಿಯೇ ಅಂಗಡಿಯೊಳಗೆ ಹೋಗಿಬಿಡುತ್ತಿತ್ತು. ಅಮ್ಮ ದೊಡ್ಡದೊಂದು ಗೋಡೌನಿನಲ್ಲಿ ಸ್ಟೋರ್ ಕೀಪರ್. ಡೇಟ್ ಹತ್ತಿರ ಬಂದ ಸಾಮಾನನ್ನು ಅಲ್ಲಿ ಕೆಲಸದವರಿಗೇ ಹಂಚುತ್ತಿದ್ದರು. ಹೀಗೆ ಎರಡು ಕಡೆಯಿಂದಲೂ ಹರಿದು ಬಂದ ಶಾಂಪೂ, ಪೌಡರು, ಫಿನಾಯಿಲು, ನುಸಿಗುಳಿಗೆ, ಟೂತ್‌ಪೇಸ್ಟು ಎಲ್ಲ ಸೂರು ಮುಟ್ಟಿದ್ದವು.

ಒಂದು ದಿನ ಅಪ್ಪ ಇನ್ನೆರಡು ಶಾಂಪೂ ಬಾಟಲಿ ಒಳಗಿಡಲು ಬಾಗಿಲು ತೆಗೆದರು. ರೂಮು ಇಡಿಯಾಗಿ ಅವರ ಮೇಲೆ ಬಿತ್ತು. ಅಮ್ಮ ಬಂದು ನೋಡಿದಾಗ ಡಬ್ಬಿಗಳ ರಾಶಿಯಿಂದ ಎರಡು ಕೈ ಮಾತ್ರ ಮೇಲಿದ್ದವು. ಎರಡೂ ಕೈಯಲ್ಲಿ ಬಾಟಲಿ.

"ಸಾಕು ಕಣ್ರೀ," ಎಂದರು ಅಮ್ಮ, ಅಪ್ಪನನ್ನು ಎಳೆಯದೆ. "ಇವತ್ತಿಂದ ಈ ಮನೆ ನನ್ನ ಗೋಡೌನಿನ ಥರ ನಡೆಯತ್ತೆ. ಇರೋದು ಮುಗಿಯೋ ತನಕ ಹೊಸದು ಒಂದು ಗುಂಡುಪಿನ್ನೂ ಒಳಗೆ ಬರಕೂಡದು."

"ಹಳೇದನ್ನೆಲ್ಲ ಎಸೆದುಬಿಡೋಣಮ್ಮ," ಎಂದಳು ತರಲೆ, ರೂಮು ಆಗಲೇ ಸಿಕ್ಕಷ್ಟು ಖುಷಿಯಲ್ಲಿ.

"ಎಸೆಯೋ ಹಾಗಿಲ್ಲ."

"ಯಾರಿಗಾದ್ರೂ ಕೊಟ್ಟುಬಿಡೋಣ."

"ನಮ್ಮನೆ ರಾಶೀನ ಇನ್ನೊಬ್ಬರ ಮನೆಗೆ ವರ್ಗ ಮಾಡಿದ್ರೆ ಅದು ಮುಗಿಸಿದ ಹಾಗಾ? ಮುಗಿಸೋದು ಅಂದ್ರೆ ಮುಗಿಸೋದು. ತಳ ಕಾಣಬೇಕು."

ಆಗಲೇ ದೊಡ್ಡಮ್ಮನ ಫೋನು ಬಂತು. ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ನಾಲ್ಕು ತಿಂಗಳಲ್ಲಿ ಚಿಕ್ಕ ಮನೆಗೆ ಹೋಗುತ್ತಿದ್ದರು, ಹದಿನಾಲ್ಕು ಪೆಟ್ಟಿಗೆ ಸಾಮಾನು ಇಡಲು ಜಾಗ ಹುಡುಕುತ್ತಿದ್ದರು. ಅಮ್ಮ ಫೋನಿಟ್ಟು ತೀರ್ಪು ಕೊಟ್ಟರು: ದೊಡ್ಡಮ್ಮನ ಲಾರಿ ಬರುವ ಭಾನುವಾರದೊಳಗೆ ರೂಮು ಪೂರ್ತಿ ಖಾಲಿಯಾದರೆ ಅದು ತರಲೆಯದು. ಒಂದೇ ಒಂದು ಡಬ್ಬಿ ಉಳಿದರೂ ಅದು ಗೋಡೌನೇ. ಗೋಡೌನ್ ಅಂದಮೇಲೆ ದೊಡ್ಡಮ್ಮನ ಪೆಟ್ಟಿಗೆಗಳೂ ಅಲ್ಲಿಗೇ.

ಅಮ್ಮನ ಗೋಡೌನಿನ ನಿಯಮ ಬಹಳ ಸರಳ. ಯಾವುದರ ಡೇಟ್ ಮೊದಲು ಮುಗಿಯುತ್ತದೋ ಅದು ಮೊದಲು ಹೊರಕ್ಕೆ. ರಾತ್ರಿ ಊಟ ಆಗುವಷ್ಟರಲ್ಲಿ ಎಲ್ಲಕ್ಕೂ ನಂಬರ್ ಚೀಟಿ ಅಂಟಿತ್ತು, ರಿಜಿಸ್ಟರ್ ತೆರೆದಾಗಿತ್ತು. ಒಟ್ಟು ಎಪ್ಪತ್ತೈದು. ಒಂದು ನಂಬರ್ ಮುಗಿಯದೆ ಮುಂದಿನದನ್ನು ಮುಟ್ಟುವಂತಿಲ್ಲ.

ಈ ಕೊನೆಯ ಮಾತಿನ ಅರ್ಥ ಮನೆಯವರಿಗೆ ಹೊಳೆದದ್ದು ಮಾರನೇ ದಿನ ಬೆಳಿಗ್ಗೆ.

ಒಂದನೇ ನಂಬರು ವಿನೆಗರ್, ಐದು ಬಾಟಲಿ. ನೆಲ ಒರೆಸಿದ್ದು ಅದರಲ್ಲೇ, ಕನ್ನಡಿ ಒರೆಸಿದ್ದು ಅದರಲ್ಲೇ, ಬಾಯಿ ಮುಕ್ಕಳಿಸಿದ್ದೂ ಅದರಲ್ಲೇ, ಯಾಕೆಂದರೆ ಟೂತ್‌ಪೇಸ್ಟಿನ ಸರದಿ ಮೂವತ್ತೊಂದನೆಯದು. ವಾರವಿಡೀ ಮನೆಮಂದಿಯೆಲ್ಲ ಒಂದು ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

ಶಾಂಪೂ ಬಂದಾಗ ಸೋಪಿಗೆ ಇನ್ನೂ ಹನ್ನೆರಡು ನಂಬರ್ ಬಾಕಿಯಿತ್ತು. ಹಾಗಾಗಿ ಪಾತ್ರೆಗೂ ಶಾಂಪೂ, ಬಟ್ಟೆಗೂ ಶಾಂಪೂ, ಅಪ್ಪನ ಸ್ಕೂಟರಿಗೂ ಶಾಂಪೂ. ಕುಕ್ಕರಿನ ಮೈ ಎಷ್ಟು ನುಣುಪಾಯಿತೆಂದರೆ ಒಲೆಯ ಮೇಲೆ ನಿಲ್ಲದೆ ಜಾರಿ ಜಾರಿ ನಡುಮನೆಗೆ ಬಂದು ಸೀಟಿ ಹಾಕಿತು.

ಪೌಡರಿನ ವಾರದಲ್ಲಿ ಕೊರಿಯರ್‌ನವನು ಬಾಗಿಲು ತಟ್ಟಿದ. ಒಳಗಿಂದ ಬೆಳ್ಳಗೆ ನಾಲ್ಕು ಆಕಾರ ಬಂದು ನಿಂತವು. ಅವನು ಸಹಿ ಕೇಳದೆ ಪಾರ್ಸೆಲ್ ಎಸೆದು, ಪೆನ್ನೂ ಬಿಟ್ಟು ಓಡಿದ. ಅಮ್ಮ ಅವನ ಹಿಂದೆ ಬೀದಿಯ ಕೊನೆಯವರೆಗೂ ಓಡಿ ಪಾರ್ಸೆಲ್ಲನ್ನೂ ಪೆನ್ನನ್ನೂ ವಾಪಸ್ ಕೊಟ್ಟು ಬಂದರು. ಹೊಸದು ಒಳಗೆ ಬರಕೂಡದಲ್ಲ.

ನಲವತ್ತನೇ ನಂಬರು ಹುಟ್ಟುಹಬ್ಬದ ಮೇಣದಬತ್ತಿ. ಹತ್ತೊಂಬತ್ತು ದಿನ ದಿನಾ ಸಂಜೆ ಬ್ರೆಡ್ಡಿನ ಮೇಲೆ ಬತ್ತಿ ಚುಚ್ಚಿ ಅಜ್ಜಿಯ ಕೈಯಲ್ಲಿ ಊದಿಸಿದರು.

"ಇವತ್ತಿಗೆ ನನಗೆ ನೂರಾಯ್ತು," ಎಂದರು ಅಜ್ಜಿ ಕೊನೆಯ ದಿನ, ಏದುಸಿರು ಬಿಡುತ್ತ. "ತಿಂಗಳ ಹಿಂದೆ ಎಂಬತ್ತೊಂದೇ ಇತ್ತು ಕಣೇ. ಈ ಮನೇಲಿ ಬೇಗ ವಯಸ್ಸಾಗತ್ತೆ."

ಆದರೆ ದಿನಾ ಬತ್ತಿಯ ಬೆಳಕು ಕಂಡ ಪಕ್ಕದ ಮನೆಯಾಕೆ ಸುಮ್ಮನಿರುತ್ತಾರೆಯೇ? ನೂರು ವರ್ಷದ ಹಿರಿಯರೆಂದು ಕೈಮುಗಿದು ಸೋಪಿನದೊಂದು ಡಬ್ಬ, ಸೆಂಟಿನದೊಂದು ಬಾಟಲಿ ಉಡುಗೊರೆ ಕೊಟ್ಟುಹೋದರು. ಅಮ್ಮನ ಮುಖ ಕಪ್ಪಿಟ್ಟಿತು. ಹಿರಿಯರಿಗೆ ಪ್ರೀತಿಯಿಂದ ಕೊಟ್ಟದ್ದನ್ನು ಹಿಂದಕ್ಕೆ ಕೊಡುವುದು ಹೇಗೆ? ಒಳಗೆ ಬಂದದ್ದಕ್ಕೆ ನಂಬರ್ ಕೊಡಲೇಬೇಕು. ಪಟ್ಟಿ ಎರಡು ಮೆಟ್ಟಿಲು ಉದ್ದವಾಯಿತು. ಎಪ್ಪತ್ತೈದರಲ್ಲಿದ್ದದ್ದು ಎಪ್ಪತ್ತೇಳಕ್ಕೆ ಸರಿಯಿತು.

ಅದೇ ಮೀಸೆ ಮೇಣ.

ಅದನ್ನು ತಂದಿಟ್ಟವರು ತಾತ. ಅವರಿಗೆ ಹೂಜಿಯ ಹಿಡಿಯಂಥ ಮೀಸೆಯಿತ್ತಂತೆ. ಒಂಬತ್ತು ಡಬ್ಬಿ ಒಟ್ಟಿಗೆ ತಂದ ವರ್ಷವೇ ತಾತ ಹೋದರು, ಮೀಸೆಯೂ ಅವರ ಜೊತೆ ಹೋಯಿತು. ಡಬ್ಬಿಗಳ ಮೇಲೆ ಡೇಟೇ ಇರಲಿಲ್ಲ. ಡೇಟ್ ಇಲ್ಲದ್ದು ಎಲ್ಲಕ್ಕಿಂತ ಕೊನೆಗೆ, ಅದು ನಿಯಮ.

ತರಲೆ ಇದನ್ನು ಮೊದಲೇ ಲೆಕ್ಕ ಹಾಕಿದ್ದಳು. ಹೆಂಗಸರು ಮೂವರಿರುವ ಮನೆಯಲ್ಲಿ ಮೀಸೆ ಬರಬಲ್ಲ ಮುಖ ಒಂದೇ. ಇಪ್ಪತ್ತಾರು ವರ್ಷದಿಂದ ನುಣ್ಣಗೆ ಬೋಳಿಸಿಕೊಂಡಿದ್ದ ಆ ಮುಖದ ಮುಂದೆ ಅವಳು ಮೊದಲ ವಾರವೇ ಕೂತಳು.

"ಅಪ್ಪಾ, ನನಗೋಸ್ಕರ ಮೀಸೆ ಬಿಡಿ."

"ನನಗೆ ಒಪ್ಪಲ್ಲಮ್ಮ. ನಿಮ್ಮಮ್ಮ ಮದುವೆಗೆ ಮುಂಚೆ ಒಂದ್ಸಲ ನೋಡಿ ನಕ್ಕಿದ್ಲು."

"ಈಗ್ಲೂ ನಗ್ತೀನಿ," ಎಂದರು ಅಮ್ಮ ರಿಜಿಸ್ಟರಿನಿಂದ ತಲೆಯೆತ್ತದೆ. "ಅದಕ್ಕೇನಂತೆ, ಬಿಡಿ."

ಅಪ್ಪ ಮಗಳ ಎಡಗಿವಿ ನೋಡಿದರು. ಕರಗಿಹೋದರು.

ಎಪ್ಪತ್ತಾರು ನಂಬರ್ ಮುಗಿಯುವಷ್ಟರಲ್ಲಿ ಮೀಸೆ ಪೊದೆಯಾಗಿತ್ತು. ಲಾರಿ ಬರಲು ಉಳಿದದ್ದು ಒಂಬತ್ತೇ ದಿನ, ಮೇಣ ಒಂಬತ್ತು ಡಬ್ಬಿ. ದಿನಕ್ಕೊಂದು. ತರಲೆ ಬೆಳಿಗ್ಗೆ ಎದ್ದವಳೇ ಚಮಚದಲ್ಲಿ ಮೇಣ ತೆಗೆದು, ಗೋಡೆಗೆ ಗಾರೆ ಮೆತ್ತುವ ಹಾಗೆ ಅಪ್ಪನ ಮೀಸೆಗೆ ಮೆತ್ತುವಳು. ಪದರದ ಮೇಲೆ ಪದರ ಕೂತು, ಮೂರನೇ ದಿನಕ್ಕೆ ಮೀಸೆ ಎರಡೂ ಕಡೆ ಗೇಣುದ್ದ ಚಾಚಿ, ತುದಿಯಲ್ಲಿ ಎರಡು ಸುತ್ತು ಸುತ್ತಿಕೊಂಡಿತು. ಅಪ್ಪ ಬಾಗಿಲಲ್ಲಿ ಅಡ್ಡಡ್ಡ ನಡೆದು ಒಳಗೆ ಬರಬೇಕಾಯಿತು. ಅಜ್ಜಿ ಮರೆತು ಒಮ್ಮೆ ಅದಕ್ಕೇ ಟವೆಲ್ ನೇತುಹಾಕಿದರು. ಗಟ್ಟಿಯಾಗಿ ನಿಂತಿತು.

ತೊಂದರೆ ಎದ್ದದ್ದು ಅಪ್ಪನ ಸ್ಟುಡಿಯೋದಲ್ಲಿ. ಅಪ್ಪ ಪಾಸ್‌ಪೋರ್ಟ್ ಫೋಟೊ ತೆಗೆಯುವವರು. ಅಂಥ ಫೋಟೊದಲ್ಲಿ ನಗುವಂತಿಲ್ಲ, ನಕ್ಕರೆ ಆಫೀಸಿನವರು ವಾಪಸ್ ಕಳಿಸುತ್ತಾರೆ. "ನೇರ ನೋಡಿ, ಗಂಭೀರವಾಗಿರಿ," ಎಂದು ಅಪ್ಪ ಕ್ಯಾಮೆರಾದ ಹಿಂದೆ ಬಗ್ಗಿದರೆ ಕ್ಯಾಮೆರಾದ ಎಡಕ್ಕೊಂದು ಸುರುಳಿ, ಬಲಕ್ಕೊಂದು ಸುರುಳಿ. ಕೂತವರು ಕಿಸಕ್ಕೆನ್ನುವರು. ಸೋಮವಾರ ಹನ್ನೊಂದು ಫೋಟೊ ವಾಪಸ್ ಬಂದವು, ಮಂಗಳವಾರ ಹದಿನೆಂಟು. ಹೆಣ ಸಾಗಿಸುವ ವ್ಯಾನಿನ ಡ್ರೈವರ್, ಊರಲ್ಲಿ ಯಾರೂ ಅವನ ಹಲ್ಲು ಕಂಡವರಿಲ್ಲ, ಅವನೂ ಕುರ್ಚಿ ಸಮೇತ ಹಿಂದಕ್ಕೆ ಬಿದ್ದು ನಕ್ಕ.

"ಸ್ವಾಮಿ, ಮಗಳ ಮನೆಗೆ ಹೋಗೋ ಪ್ಲೇನು ತಪ್ಪಿಹೋಯ್ತು ನಿಮ್ಮಿಂದ," ಎಂದು ಶುಕ್ರವಾರ ಒಬ್ಬ ಮುದುಕರು ಜಗಳಕ್ಕೇ ಬಂದರು. ಬೈಯಲು ಮುಖ ಎತ್ತಿದವರು ಬೈಯಲಾಗದೆ ನಗತೊಡಗಿದರು. ನಗುತ್ತಲೇ ಕಣ್ಣೀರು ಹಾಕಿದರು. ಅದು ನಗುವಿನ ಕಣ್ಣೀರಲ್ಲ ಎಂದು ಅಪ್ಪನಿಗೆ ಗೊತ್ತಾಯಿತು.

ಶನಿವಾರ ಮಧ್ಯಾಹ್ನ ಅಪ್ಪ ಊಟಕ್ಕೆ ಬಂದರು. ಬಾಗಿಲಲ್ಲಿ ನೆಟ್ಟಗೆ ನಡೆದು ಬಂದರು.

ತರಲೆಯ ಕೈಯಲ್ಲಿದ್ದ ತಟ್ಟೆ ಕೆಳಗಾಯಿತು. "ಅಪ್ಪಾ! ಎಲ್ಲಿ?"

"ತೆಗೆಸಿಬಿಟ್ಟೆ ಮಗಳೇ. ಸುತ್ತಿಗೇಲಿ ಒಡೆದು ತೆಗೆದ ಆ ಕ್ಷೌರದ ಪುಣ್ಯಾತ್ಮ. ಆ ಮುದುಕರ ಫೋಟೊ ಮೊದಲು ತೆಗೆದುಕೊಟ್ಟು ಬಂದೆ. ನಾನು ಇನ್ನೇನು ಮಾಡ್ಲಿ ಹೇಳು?"

ಇನ್ನೊಂದು ಡಬ್ಬಿ ಉಳಿದಿತ್ತು. ಒಂದೇ ಒಂದು. ತರಲೆ ಅದನ್ನು ತೆಗೆದುಕೊಂಡು ಬಾಗಿಲಿನ ಕೀಲಿಗೆ ಹಚ್ಚಲು ಹೋದಳು.

"ಮುಚ್ಚಳದ ಮೇಲೆ ಏನು ಬರೆದಿದೆ? ಮೀಸೆಗೆ ಮಾತ್ರ," ಎಂದರು ಅಮ್ಮ.

"ಕುಕ್ಕರಿಗೆ ಶಾಂಪೂ ಹಾಕಿದ್ರಲ್ಲಮ್ಮ!"

"ಶಾಂಪೂ ಬಾಟಲಿ ಮೇಲೆ 'ಮಾತ್ರ' ಅಂತ ಇರಲಿಲ್ಲ. ಬೇಕಾದ್ರೆ ರಿಜಿಸ್ಟರ್ ನೋಡು."

ತರಲೆ ಅವತ್ತು ಊಟ ಮಾಡಲಿಲ್ಲ. ಅಮ್ಮ ಎರಡು ಸಲ ಬಂದು ಅವಳ ತಟ್ಟೆ ನೋಡಿ ಹೋದರು. ನಿಯಮ ಮಾಡಿದವರಿಗೆ ನಿಯಮ ಮುರಿಯುವ ಅಧಿಕಾರ ಇಲ್ಲ ಎಂಬುದೂ ಅಮ್ಮನ ಗೋಡೌನಿನ ನಿಯಮವೇ.

ಭಾನುವಾರ ಹತ್ತು ಗಂಟೆಗೆ ಲಾರಿ ಗೇಟಿಗೆ ಬಂತು. ಮುಂದಿನ ಸೀಟಿನಿಂದ ದೊಡ್ಡಮ್ಮ ಇಳಿದರು. "ಯಾವ ಕಡೆ ಇಳಿಸ್ಲಿ? ಮೊದಲು ಎರಡು ಪೆಟ್ಟಿಗೆ ಬರೀ ಟಿಶ್ಯೂ ಪೇಪರ್ರು. ನೆನೀಬಾರದು ನೋಡು."

ಅಮ್ಮ ರಿಜಿಸ್ಟರ್ ಹಿಡಿದು ಚಿಕ್ಕ ರೂಮಿನ ಬಾಗಿಲು ತೆಗೆದರು. ರೂಮು ಬೋಳಾಗಿತ್ತು. ಕಿಟಕಿಯ ಹಲಗೆಯ ಮೇಲೆ ಮೇಣದ ಡಬ್ಬಿ. ನೆಲದ ನಟ್ಟನಡುವೆ ಚಾಪೆ. ಚಾಪೆಯ ಮೇಲೆ ಕೈಕಾಲು ಅಗಲಿಸಿ ಮಲಗಿದ್ದ ತರಲೆ. ಹಣೆಗೆ ಚೀಟಿ.

"ಏನೇ ಇದು ನಾಟಕ? ಎದ್ದೇಳು," ಎಂದರು ದೊಡ್ಡಮ್ಮ.

ತರಲೆ ಬಾಯಿ ಬಿಡಲಿಲ್ಲ. ಸಾಮಾನು ಮಾತಾಡುವುದಿಲ್ಲ.

ಅಮ್ಮ ಬಗ್ಗಿ ಚೀಟಿ ಓದಿದರು. *ನಂಬರ್ ಎಪ್ಪತ್ತೆಂಟು. ಮಗಳು, ಒಂದು. ಡೇಟ್: ನಮೂದಿಸಿಲ್ಲ. ಸೂಚನೆ: ಮಲಗಿಸಿಯೇ ಇಡತಕ್ಕದ್ದು. ಮುಖ ಮೇಲೆ ಇರಲಿ. ಮೇಲೆ ಭಾರ ಹೇರಬಾರದು. ಸುತ್ತ ಗಾಳಿಯಾಡಲು ಜಾಗ ಬಿಡಿ. ಮಗ್ಗಿ ತಾಗದಂತೆ ಕಾಪಾಡಿ.*

ಅಮ್ಮ ಎದ್ದು ರೂಮಿನ ಉದ್ದ ಹೆಜ್ಜೆಯಲ್ಲಿ ಅಳೆದರು, ಅಗಲ ಅಳೆದರು, ಚಾಪೆಯ ಸುತ್ತ ಗಾಳಿಯ ಜಾಗ ಅಳೆದರು.

"ಅಕ್ಕ, ಜಾಗ ಇಲ್ಲ."

"ಇಲ್ಲ ಅಂದ್ರೆ? ಅವಳನ್ನ ಎಬ್ಬಿಸಿ ಆಚೆ ಕಳ್ಸು!"

"ಆಗಲ್ಲ. ಎಪ್ಪತ್ತೇಳು ಮುಗೀದೆ ಎಪ್ಪತ್ತೆಂಟನ್ನ ಮುಟ್ಟೋ ಹಾಗಿಲ್ಲ. ಎಪ್ಪತ್ತೇಳು ಮೀಸೆಗೆ ಮಾತ್ರ. ಈ ಮನೇಲಿ ಈಗ ಮೀಸೆ ಇಲ್ಲ."

"ನಿನಗೇನಾದ್ರೂ ತಲೆ ಕೆಟ್ಟಿದೆಯೇನೇ? ಅವಳು ನಿನ್ನ ಮಗಳು, ಸರಕಲ್ಲ!"

"ಮಗಳು ಅಂತಾನೇ ಬರೆದಿದೆಯಲ್ಲಕ್ಕ. ಸರಿಯಾಗೇ ಇದೆ ಎಂಟ್ರಿ."

"ನನ್ನ ಹದಿನಾಲ್ಕು ಪೆಟ್ಟಿಗೆ ಏನು ಮಾಡ್ಲಿ?"

"ಒಂದೊಂದಾಗಿ ತೆಗಿ, ಮುಗಿಸು. ಚೀಟಿ ಬೇಕಾದ್ರೆ ನಾನು ಕೊಡ್ತೀನಿ."

ದೊಡ್ಡಮ್ಮ ಗೇಟಿನ ತನಕ ಬೈದರು, ಗೇಟಿನಿಂದ ಲಾರಿಯ ತನಕ ಬೈದರು, ಲಾರಿ ತಿರುವಿನಲ್ಲಿ ಮರೆಯಾಗುವ ತನಕ ಕಿಟಕಿಯಿಂದ ತಲೆ ಹೊರಹಾಕಿ ಬೈದರು. ಅಮ್ಮ ರೂಮಿನ ಬಾಗಿಲಿಗೆ ಒರಗಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ತರಲೆ ಒಂದು ಕಣ್ಣು ತೆರೆದು ನೋಡಿದಳು. 'ಒಟ್ಟು ಸಂಖ್ಯೆ' ಎಂಬ ಕಡೆ ಎಪ್ಪತ್ತೆಂಟು ಎಂದಿತ್ತು. 'ಎಷ್ಟು ಖರ್ಚಾಗಿದೆ' ಎಂಬಲ್ಲಿ ಅಮ್ಮ ಸ್ವಲ್ಪ ಯೋಚಿಸಿ, 'ಎಡಗಿವಿ, ತುಸು' ಎಂದು ಬರೆದರು.

ಆ ವಾರವೇ ತಾತನ ಹಳೇ ಮಂಚ ರೂಮಿಗೆ ಬಂತು. ತರಲೆ ಗಡಿಯಾರದ ಚಿಕ್ಕ ಮುಳ್ಳು ಒಂದು ಸುತ್ತು ಹಾಕುವಷ್ಟು ನಿದ್ದೆ ಮಾಡಿದಳು. ಎದ್ದವಳು ಕಿಟಕಿಯ ಮೇಲಿದ್ದ ಡಬ್ಬಿಯನ್ನು ಸೆರಗಿಲ್ಲದಿದ್ದರೂ ಸೆರಗಲ್ಲಿ ಒರೆಸುವಷ್ಟು ಪ್ರೀತಿಯಿಂದ ಒರೆಸಿ, ಅಲ್ಲೇ ಇಟ್ಟಳು. ಅದು ತುಂಬಿರುವ ತನಕ ರೂಮು ಅವಳದು.

ನೇರ ಬಚ್ಚಲಿಗೆ ಹೋದಳು. ಅಪ್ಪ ಕನ್ನಡಿಯ ಮುಂದೆ ನಿಂತು ಮೂಗಿನ ಕೆಳಗೆ ಬೆರಳಾಡಿಸುತ್ತಿದ್ದರು.

"ಏನಪ್ಪಾ, ಇವತ್ತು ಶೇವ್ ಮಾಡ್ಕೊಂಡಿಲ್ವಾ?"

"ಅಲ್ಲ, ಯೋಚಿಸ್ತಿದ್ದೆ. ಚಿಕ್ಕದಾಗಿ, ತೆಳ್ಳಗೆ ಒಂದು ಬಿಟ್ರೆ ಹೇಗೆ? ಆ ವ್ಯಾನ್ ಡ್ರೈವರ್ರು ಕೇಳ್ತಿದ್ದ. ಅಭ್ಯಾಸ ಆಗಿಬಿಟ್ಟಿತ್ತು ಕಣೇ."

ತರಲೆ ಬ್ರಷ್ಷೆತ್ತಿ ಅಪ್ಪನ ಮೂಗಿನ ಕೆಳಗೆ ಶೇವಿಂಗ್ ನೊರೆ ಹಚ್ಚತೊಡಗಿದಳು.