ಮೊದಲ ನೀರು ಮಣ್ಣಿಗೆ

ಇಂದುಶೇಖರರ ಎಡಗೈ ಎಂದೂ ಪೂರ್ತಿ ಕೆಳಗಿಳಿಯುವುದಿಲ್ಲ. ನಡೆಯುವಾಗಲೂ, ನಿಂತಾಗಲೂ, ಪೊವೇ ಊರಿನ ಅಂಗಡಿಯ ಸಾಲಿನಲ್ಲಿ ಕಾಯುವಾಗಲೂ ಆ ಮೊಣಕೈ ಸೊಂಟದ ಮಟ್ಟದಲ್ಲಿ ಮಡಿಚಿಕೊಂಡೇ ಇರುತ್ತದೆ. ಈಗಷ್ಟೇ ಇಸ್ತ್ರಿ ಮಾಡಿದ ಸೀರೆಯೊಂದು ತೋಳಿನ ಮೇಲೆ ಇಳಿಬಿದ್ದಿದೆ, ಅದರ ಮಡಿಕೆ ಕೆಡಬಾರದೆಂಬ ಎಚ್ಚರದಲ್ಲೇ ಈ ಮನುಷ್ಯ ನಡೆಯುತ್ತಿದ್ದಾರೆ ಎಂದು ನೋಡಿದವರಿಗೆ ಅನ್ನಿಸಬೇಕು. ಪಾರ್ಶ್ವವಾಯು ಆಗಿರಬೇಕು ಪಾಪ, ಎಂದು ಹೊಸಬರು ಮರುಗುವುದುಂಟು. ವಾಯುವೂ ಇಲ್ಲ, ಎಂಥದೂ ಇಲ್ಲ. ಮದುವೆಯಾದಂದಿನಿಂದ ಹೆಂಡತಿಯ ಸೀರೆಗಳಿಗೆ ತಾವೇ ಗಂಜಿ ಹಾಕಿ, ತಾವೇ ಇಸ್ತ್ರಿ ಮಾಡಿ, ತೋಳಿನ ಮೇಲೆ ಹಾಕಿಕೊಂಡು ಬೀರುವಿನವರೆಗೆ ಒಯ್ದ ಅಭ್ಯಾಸ ಅದು.

ಮೈಸೂರಿನ ಚಾಮುಂಡಿಪುರದಲ್ಲಿ ಹುಟ್ಟಿ, ಕಡಲು ದಾಟಿ ಬಂದು ಸೊರೆಂಟೊ ವ್ಯಾಲಿಯ ಕಚೇರಿಯೊಂದರಲ್ಲಿ ಫೋನಿನೊಳಗಿನ ಚಿಪ್ಪುಗಳನ್ನು ವಿನ್ಯಾಸ ಮಾಡುತ್ತ ತಲೆ ನರೆಸಿಕೊಂಡು ನಿವೃತ್ತರಾದ ಇವರಿಗೆ, ಬಟ್ಟೆಯಲ್ಲಿದ್ದ ಶ್ರದ್ಧೆ ಚಿಪ್ಪಿನಲ್ಲಿ ಇತ್ತೋ ಇಲ್ಲವೋ ದೇವರೇ ಬಲ್ಲ. ಪತ್ನಿ ಲೀಲಾ ಕೈಮಗ್ಗದ ಹತ್ತಿ ಸೀರೆಯಲ್ಲದೆ ಬೇರೇನನ್ನೂ ಉಡುತ್ತಿರಲಿಲ್ಲ. ಮಣಿಕಟ್ಟಿನ ನೋವಿನಿಂದ ಹಿಂಡುವ, ಒತ್ತುವ ಕೆಲಸ ಅವರಿಂದ ಆಗುತ್ತಿರಲಿಲ್ಲ. ಹಾಗಾಗಿ ಭಾನುವಾರದ ಬೆಳಗೆಂದರೆ ಸೋನಾ ಮಸೂರಿಯ ಗಂಜಿ ಬಸಿದು, ತೆಳುಬಟ್ಟೆಯಲ್ಲಿ ಸೋಸಿ, ಹದವಾಗಿ ನೀರು ಬೆರೆಸಿ, ಸೀರೆಯನ್ನು ಅದ್ದಿ ಹಿತ್ತಲ ಬಿಸಿಲಿಗೆ ಹರವಿ, ಇನ್ನೂ ಚೂರು ತೇವವಿರುವಾಗಲೇ ಇಸ್ತ್ರಿಗೆ ನಿಲ್ಲುವ ಒಂದು ವ್ರತ. ಕಾದ ಇಸ್ತ್ರಿ ಗಂಜಿಯ ಮೇಲೆ ಹರಿದಾಗ ಏಳುವ ಆ ಅಕ್ಕಿಯ ಹಬೆಯೇ ಆ ಮನೆಯ ಭಾನುವಾರದ ವಾಸನೆಯಾಗಿತ್ತು. ಧಾರವಾಡದ ಕಡೆಯ ಗೆಳೆಯ ಸಿದ್ಧಲಿಂಗೇಶ ಒಮ್ಮೆ ಬಾಗಿಲಲ್ಲೇ ನಿಂತು, “ನಿಮ್ಮ ಕೈಯಾಗ ಲ್ಯಾಪ್‌ಟಾಪಿಗಿಂತ ಇಸ್ತ್ರೀನೇ ಚಂದ ಕಾಣ್ತದ ನೋಡ್ರಿ” ಎಂದಿದ್ದರು. “ಅದೇನಾಗುತ್ತೆ ಅಂದ್ರೆ ಸಿದ್ಧಲಿಂಗೇಶ, ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತೆ, ಇಸ್ತ್ರಿ ಆಗಲ್ಲ” ಎಂದು ಇವರು ತಲೆಯೆತ್ತದೆ ಉತ್ತರಿಸಿದ್ದರು. ಮಾತು ಯಾವುದೇ ಇರಲಿ, ‘ಅದೇನಾಗುತ್ತೆ ಅಂದ್ರೆ’ ಎಂಬ ಪಲ್ಲವಿಯಿಲ್ಲದೆ ಅವರ ಬಾಯಿ ತೆರೆಯದು.

ಎರಡು ಸಾವಿರದ ಇಪ್ಪತ್ತರ ಏಪ್ರಿಲ್ ತಿಂಗಳಲ್ಲಿ ಲೀಲಾ ತೀರಿಕೊಂಡರು. ಕೋವಿಡ್ಡಿನಿಂದಲ್ಲ, ಹೃದಯ ನಿಂತು. ಆದರೆ ಕಾಲ ಕೋವಿಡ್ಡಿನದು. ಮಗಳು ಸುರಭಿ ದೂರದ ಬರ್ಬ್ಯಾಂಕ್ ಊರಿನ ತನ್ನ ಕೋಣೆಯಲ್ಲಿ ಜ್ವರ ಹಿಡಿದು ಮಲಗಿದ್ದಳು, ಹೊರಡುವಂತಿರಲಿಲ್ಲ. ಇಂದುಶೇಖರರು ಒಬ್ಬರೇ, ಲೀಲಾಗೆ ಬಲು ಇಷ್ಟವಾದ ಮಜ್ಜಿಗೆ ಬಣ್ಣದ, ಕೆಂಪಂಚಿನ ಸೀರೆಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಎಡತೋಳಿನ ಮೇಲೆ ಹಾಕಿಕೊಂಡು ಶವಾಗಾರದ ಬಾಗಿಲಿಗೆ ಹೋದರು. ಮುಖಕ್ಕೆ ಮಾಸ್ಕು ಕಟ್ಟಿದ್ದ ಹೆಣ್ಣುಮಗಳೊಬ್ಬಳು, ಈಗಿನ ನಿಯಮದಂತೆ ಹೊರಗಿನ ಬಟ್ಟೆ ಒಳಗೆ ತೆಗೆದುಕೊಳ್ಳುವಂತಿಲ್ಲ, ದೇಹವನ್ನು ಆಗಲೇ ಮುಚ್ಚಿಯಾಗಿದೆ ಎಂದು ಬಹಳ ಮೆತ್ತಗೆ ಹೇಳಿದಳು. ಇವರು ವಾದಿಸಲಿಲ್ಲ. ಹೋದ ಹಾಗೆಯೇ ಸೀರೆಯನ್ನು ತೋಳಿನ ಮೇಲೆ ಹೊತ್ತು ಮರಳಿ ಬಂದು ಬೀರುವಿನಲ್ಲಿಟ್ಟರು. ಅಂದು ಕಣ್ಣೀರು ಬರಲಿಲ್ಲ, ಆಮೇಲೂ ಬರಲಿಲ್ಲ. ಇಸ್ತ್ರಿಯ ವಯರನ್ನು ಸುತ್ತಿ ಗ್ಯಾರೇಜಿನ ಶೆಲ್ಫಿಗೆ ಸೇರಿಸಿದರು.

ಪಕ್ಕದ ಮನೆಯ ಡೊರೊತಿ ಆಗ ಎಂಬತ್ತು ದಾಟಿದ ಮುದುಕಿ. ಗುಡ್ಡದ ಏರಿನಲ್ಲಿರುವ ಎಪಿಸ್ಕೋಪಲ್ ಪಂಥದ ಪುಟ್ಟ ಚರ್ಚಿನಲ್ಲಿ ಬಲಿಪೀಠದ ವಸ್ತ್ರಗಳನ್ನು ಒಗೆದು, ಮಡಿಸಿ, ಬೆಳ್ಳಿ ಪಾತ್ರೆಗಳನ್ನು ಬೆಳಗುವ ಹೆಂಗಸರ ತಂಡಕ್ಕೆ ಆಕೆ ಯಜಮಾನಿ. ತಂಡವೆನ್ನುವುದು ಹೆಸರಿಗೆ, ಒಬ್ಬೊಬ್ಬರೇ ಮಣ್ಣಾಗಿ ಕೊನೆಗೆ ಆಕೆಯೊಬ್ಬಳೇ ಉಳಿದಿದ್ದಳು. ಹಾಡಲು ಜನ ಸಿಗುತ್ತಿದ್ದರು, ಬಡವರಿಗೆ ದಿನಸಿ ಹಂಚಲು ಸಿಗುತ್ತಿದ್ದರು, ಮಕ್ಕಳಿಗೆ ಕತೆ ಹೇಳಲೂ ಸಿಗುತ್ತಿದ್ದರು; ಯಾರೂ ನೋಡದ ಹಿಂದಿನ ಕೋಣೆಯಲ್ಲಿ ಬಟ್ಟೆ ಒಗೆಯಲು ಯಾರು ಬರುತ್ತಾರೆ! ಗಂಟುಕಟ್ಟಿದ ಬೆರಳುಗಳಿಂದ ಕಾರು ಓಡಿಸುವುದು ಆಕೆಗೆ ಅಸಾಧ್ಯವಾದಾಗ, ಶನಿವಾರ ಶನಿವಾರ ಕರೆದುಕೊಂಡು ಹೋಗಿ ಬಿಡುವ ಕೆಲಸ ಇಂದುಶೇಖರರ ಪಾಲಿಗೆ ಬಂತು.

ಮೊದಮೊದಲು ಅವರು ಪಾರ್ಕಿಂಗಿನಲ್ಲಿ, ಕಾರಿನೊಳಗೇ ಕೂತಿರುತ್ತಿದ್ದರು. ಸೆಪ್ಟೆಂಬರಿನ ಸೆಕೆಯಲ್ಲಿ ಬೇಯುತ್ತ ಕೂತ ಮನುಷ್ಯನನ್ನು ಕಂಡು ಡೊರೊತಿಯೇ ಬೈದು ಒಳಗೆ ಕರೆದಳು. ಇವರು ಬೂಟು ಕಳಚಿ ಹೊಸ್ತಿಲಾಚೆ ಇಟ್ಟು, ಕಾಲುಚೀಲದಲ್ಲೇ ಒಳಗೆ ಹೋದರು. ಬೂಟು ಬಿಚ್ಚಬೇಕಾಗಿಲ್ಲ ಎಂದು ಆಕೆ ಎಷ್ಟು ಹೇಳಿದರೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ. ಆ ಚರ್ಚಿನ ಪಾದ್ರಿ ಎಲೆನ್ ಎಂಬ ಹೆಣ್ಣುಮಗಳು ಇವರ ಬೂಟುಗಳನ್ನು ಎಷ್ಟು ಸಲ ಎಡವಿದ್ದಾರೋ ಲೆಕ್ಕವಿಲ್ಲ.

ಒಳಗೆ ಪಾಠ ಶುರುವಾಯಿತು. ಪ್ರಭುಭೋಜನದ ದಿನ ದ್ರಾಕ್ಷಾರಸದ ಬಟ್ಟಲು ಕೈಯಿಂದ ಕೈಗೆ ಹೋಗುವಾಗ ಅದರ ಅಂಚನ್ನು ಒರೆಸುವ ಸಣ್ಣ ನಾರುವಸ್ತ್ರಗಳು ಇವು, ಪೀಠದ ಮೇಲೆ ಹಾಸುವ ದೊಡ್ಡ ವಸ್ತ್ರ ಇದು, ಇದನ್ನು ಹೀಗೆ ಮೂರು ಪಾಲಾಗಿ ಮಡಿಸಬೇಕು ಎಂದು ಆಕೆ ಹೇಳುತ್ತ ಹೋದಂತೆ ಇವರ ಬೆರಳುಗಳು ತಾವಾಗಿಯೇ ಮಡಿಸತೊಡಗಿದವು. ಕಡೆಯಲ್ಲಿ ಆಕೆ ಒಂದು ಬೋಗುಣಿ ತೆಗೆದಳು. ಒರೆಸುವ ವಸ್ತ್ರವನ್ನು ಮೊದಲು ಇದರಲ್ಲಿ ಅದ್ದಬೇಕು, ಆ ಮೊದಲ ನೀರನ್ನು ಚರಂಡಿಗೆ ಬಿಡಕೂಡದು, ಯಾರೂ ತುಳಿಯದ ಕಡೆ ಮಣ್ಣಿಗೆ ಎರೆಯಬೇಕು, ಯಾಕೆಂದರೆ ಅದರಲ್ಲಿ ಪ್ರಭುವಿನ ರಕ್ತವಾದ ದ್ರಾಕ್ಷಾರಸದ ಒಂದು ಹನಿ ಇರುತ್ತದೆ ಎಂದಳು. ಇಂದುಶೇಖರರು ಬೋಗುಣಿಯನ್ನು ಕೈಗೆ ತೆಗೆದುಕೊಂಡರು. ಚಾಮುಂಡಿಪುರದ ಮನೆಯಲ್ಲಿ ಅಮ್ಮ ಅಭಿಷೇಕದ ನೀರನ್ನು ತುಳಸಿಯ ಬುಡಕ್ಕೆ ಹುಯ್ಯುತ್ತಿದ್ದುದು, ಅದನ್ನು ಬಚ್ಚಲಿಗೆ ಚೆಲ್ಲಿದ್ದಕ್ಕೆ ತಮಗೆ ಬಿದ್ದ ಏಟು, ಎಲ್ಲ ಕಣ್ಣಮುಂದೆ ಬಂತು. “ಅದೇನಾಗುತ್ತೆ ಅಂದ್ರೆ ಡೊರೊತಿ, ಇದು ನಮ್ಮ ಮನೆಯಲ್ಲೂ ಇತ್ತು” ಎಂದು ತಮ್ಮ ಮೈಸೂರಿನ ಇಂಗ್ಲಿಷಿನಲ್ಲಿ ಹೇಳಿದರು. “ಹಾಗಾದರೆ ಕಷ್ಟದ್ದನ್ನು ನೀವು ಆಗಲೇ ಕಲಿತಿದ್ದೀರಿ” ಎಂದಳು ಆಕೆ. ಮರುದಿನ ಗ್ಯಾರೇಜಿನಿಂದ ಇಸ್ತ್ರಿ ಕೆಳಗಿಳಿಯಿತು.

ರೋಗದ ಭಯದಿಂದ ಆ ವರ್ಷಗಳಲ್ಲಿ ಬಟ್ಟಲನ್ನು ಜನರಿಗೆ ಕೊಡುತ್ತಿರಲಿಲ್ಲ, ರೊಟ್ಟಿಯೊಂದೇ. ಮತ್ತೆ ಬಟ್ಟಲು ಬರುವ ಭಾನುವಾರ ಗೊತ್ತಾದಾಗ ಇಡೀ ಚರ್ಚಿಗೆ ಹಬ್ಬ, ಇಂದುಶೇಖರರಿಗೆ ಮದುವೆಮನೆಯ ಸಡಗರ. ಇಂಥ ದಿನಕ್ಕೆ ವಸ್ತ್ರಗಳು ಬಾಗಿ ಬಳುಕಿದರೆ ಹೇಗೆ? ಯಾರಿಗೂ ಹೇಳದೆ ಮನೆಯಲ್ಲಿ ಅಕ್ಕಿ ಬೇಯಿಸಿ, ಗಂಜಿ ಬಸಿದು, ಒರೆಸುವ ವಸ್ತ್ರಗಳನ್ನೆಲ್ಲ ಅದ್ದಿ, ಹಪ್ಪಳದಂತೆ ಗರಿಗರಿಯಾಗಿ ಇಸ್ತ್ರಿ ಮಾಡಿ ಇಟ್ಟರು. ಭಾನುವಾರ ಮೊದಲನೆಯವರು ಕುಡಿದಾಯಿತು. ಎಲೆನ್ ಬಟ್ಟಲಿನ ಅಂಚನ್ನು ಒರೆಸಿದರು. ವಸ್ತ್ರ ಪಟಪಟ ಸದ್ದು ಮಾಡಿತೇ ವಿನಾ ಒಂದು ಹನಿಯನ್ನೂ ಹೀರಲಿಲ್ಲ; ದ್ರಾಕ್ಷಾರಸ ಅದರ ಮೇಲಿಂದ ಜಾರಿ ಅವರ ಬಿಳಿ ನಿಲುವಂಗಿಯ ತೋಳಿಗೆ ಇಳಿಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಇಂದುಶೇಖರರಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

ಆಮೇಲೆ ಹಿಂದಿನ ಕೋಣೆಯಲ್ಲಿ ಡೊರೊತಿ ಒಂದು ವಸ್ತ್ರವನ್ನು ಎತ್ತಿ ನಿಲ್ಲಿಸಿದಳು. ಅದು ನಿಂತಿತು. ಆಕೆ ನಗಲಾರಂಭಿಸಿ, ನಿಲ್ಲಿಸಲಾರದೆ, ಕುರ್ಚಿ ಹುಡುಕಿ ಕೂತಳು. ಏನು ಹಾಕಿದಿರಿ ಎಂದು ಕೇಳಿದಾಗ ಇವರು ಗಂಜಿಯ ಕತೆ ಹೇಳಿದರು. ಗಂಜಿಯಿಂದ ಸೀರೆಗೆ, ಸೀರೆಯಿಂದ ಲೀಲಾಗೆ, ಲೀಲಾರಿಂದ ಶವಾಗಾರದ ಬಾಗಿಲಿಗೆ ಮಾತು ತಾನಾಗಿ ಹೋಯಿತು. ಅದುವರೆಗೆ ಯಾರಿಗೂ ಅವರು ಅದನ್ನು ಹೇಳಿರಲಿಲ್ಲ. ಡೊರೊತಿಯ ನಗು ನಿಂತಿತು. ಆಕೆ ಆ ಗರಿಗರಿ ವಸ್ತ್ರವನ್ನು ಮೂಗಿಗೆ ಹಿಡಿದು ಮೂಸಿ, ಒರೆಸುವುದಕ್ಕೆ ಇದು ಬೇಡ, ಆದರೆ ವಾಸನೆ ಚೆನ್ನಾಗಿದೆ ಎಂದಳು.

ಇತ್ತ ಕನ್ನಡ ಸಂಘದಲ್ಲಿ ಗುಸುಗುಸು ಎದ್ದಿತ್ತು. ಯುಗಾದಿ ಊಟದ ಪಂಕ್ತಿಯಲ್ಲಿ ಸಿದ್ಧಲಿಂಗೇಶ, “ಏನ್ರೀ ಇಸ್ತ್ರಿ ಫಾದರ್, ಹೋಳಿಗಿ ನಡೀತದೋ ಇಲ್ಲೋ?” ಎಂದು ಎಲ್ಲರೆದುರು ಕೇಳಿಯೇಬಿಟ್ಟರು. ಇವರು ನಕ್ಕು ಎರಡು ಹೋಳಿಗೆ ಹಾಕಿಸಿಕೊಂಡರು. ನಗಲಾಗದ್ದು ಸುರಭಿಯ ಫೋನು.

“ಅಪ್ಪಾ, ವಾಟ್ಸಾಪ್‌ನಲ್ಲಿ ಏನೇನೋ ಬರ್ತಿದೆ. ಆರ್ ಯು ಕನ್ವರ್ಟಿಂಗ್?”

“ಬಟ್ಟೆ ಒಗೆಯೋಕೆ ಯಾರಾದ್ರೂ ಕನ್ವರ್ಟ್ ಆಗ್ತಾರೇನಮ್ಮ?”

“ದೆನ್ ವೈ ದೇರ್? ನಮ್ಮ ಟೆಂಪಲ್‌ನಲ್ಲೇ ವಾಲಂಟಿಯರ್ ಮಾಡ್ಬಹುದಲ್ಲ.”

“ಅಲ್ಲಿ ಪಾರ್ಕಿಂಗ್ ನೋಡ್ಕೊಳ್ಳಿ ಅಂಕಲ್ ಅಂತಾರೆ. ಬಟ್ಟೆ ಯಾರೂ ಕೊಡಲ್ಲ.” ಮತ್ತೆ ಅವರೇ, “ಅಮ್ಮ ಹೋದ್ಮೇಲೆ ಕೈಗೆ ಕೆಲಸಾನೇ ಇರ್ಲಿಲ್ಲ ಕಣೇ” ಎಂದರು. ಆಮೇಲೆ ಮಾಡ್ತೀನಿ ಎಂದು ಸುರಭಿ ಫೋನಿಟ್ಟಳು.

ಅದಕ್ಕೇ, ನನ್ನ ನಂತರ ಈ ಕೋಣೆಯನ್ನು ನೀವು ನೋಡಿಕೊಳ್ಳುತ್ತೀರಾ ಎಂದು ಡೊರೊತಿ ಕೇಳಿದಾಗ ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕಾರು ಓಡಿಸುವುದು ಬೇರೆ, ಕೈಜೋಡಿಸುವುದು ಬೇರೆ. ಪರರ ದೇವರ ಮನೆಯ ಬೀಗದಕೈ ಇಟ್ಟುಕೊಳ್ಳುವುದೆಂದರೆ ಏನು? ಮಗಳು ಏನೆಂದಾಳು? ನೋಡೋಣ, ಎಂದು ದಿನ ತಳ್ಳಿದರು.

ಹೀಗೆ ತಳ್ಳುತ್ತಿರುವಾಗ ಚರ್ಚಿನ ಆಡಳಿತ ಸಮಿತಿಯ ಸಭೆ ಬಂತು. ಅಷ್ಟರಲ್ಲಿ ಡೊರೊತಿ ಗಾಲಿಕುರ್ಚಿ ಹಿಡಿದಿದ್ದಳು; ಅದನ್ನು ತಳ್ಳಿಕೊಂಡು ಹೋದವರು ಇವರೇ. ಸಮಿತಿಯವರೊಬ್ಬರು, ಒಳ್ಳೆಯ ಮನುಷ್ಯರೇ, ಇನ್ನು ಈ ಹಿರಿಯ ಜೀವಕ್ಕೆ ತೊಂದರೆ ಕೊಡುವುದು ಬೇಡ, ಹೊಸಬರು ಯಾರೂ ಮುಂದೆ ಬರುತ್ತಿಲ್ಲ, ಬಟ್ಟೆಯನ್ನೆಲ್ಲ ಲಾಂಡ್ರಿಯವರಿಗೆ ವಹಿಸೋಣ, ವಾರಕ್ಕೊಮ್ಮೆ ಗಾಡಿ ಬಂದು ಒಯ್ಯುತ್ತದೆ ಎಂದರು. ಹಲವರು ತಲೆಯಾಡಿಸಿದರು. ಡೊರೊತಿ, “ಮೊದಲ ನೀರು?” ಎಂದಷ್ಟೇ ಕೇಳಿದಳು. ಹೆಚ್ಚಿನವರಿಗೆ ಅರ್ಥವಾಗಲಿಲ್ಲ, ಅರ್ಥವಾದವರು ನೆಲ ನೋಡಿದರು. ಮಂಡಿಯ ಮೇಲಿದ್ದ ಆಕೆಯ ಗಂಟುಗಂಟು ಬೆರಳುಗಳು ಕಾಣದ ವಸ್ತ್ರವೊಂದನ್ನು ಹಿಂಡುತ್ತಿದ್ದುದನ್ನು ಇಂದುಶೇಖರರು ಹಿಂದಿನಿಂದ ಕಂಡರು.

ಬೂದುಬಣ್ಣದ್ದೆಂದು ಹೇಳಬಹುದಾದ, ಮೊಣಕೈ ಸವೆದರೂ ಗೆರೆ ಕೆಡದ ತಮ್ಮ ಹಳೆಯ ಕೋಟಿನ ಗುಂಡಿ ಹಾಕಿಕೊಂಡು ಅವರು ಎದ್ದು ನಿಂತರು. ಸದಸ್ಯರಲ್ಲ, ಮತವಿಲ್ಲ, ಮಾತಿನ ಹಕ್ಕೂ ಇಲ್ಲ. “ಅದೇನಾಗುತ್ತೆ ಅಂದ್ರೆ,” ಎಂದು ಶುರುಮಾಡಿದರು. “ನಿಮ್ಮ ಬಟ್ಟಲಿನಲ್ಲಿ ಯಾರಿದ್ದಾರೆ ಅಂತ ನನಗೆ ಗೊತ್ತಿಲ್ಲ. ನಿಮ್ಮ ಭಾನುವಾರದ ತರಗತಿಯಲ್ಲಿ ಕೂತು ಕೇಳಿದ್ದೇನೆ, ಇನ್ನೂ ಪೂರ್ತಿ ಗೊತ್ತಾಗಿಲ್ಲ. ಆದರೆ ಆ ನೀರನ್ನು ಚರಂಡಿಗೆ ಬಿಡಬಾರದು ಅನ್ನೋದು ನನಗೆ ಹುಟ್ಟಿದಾಗಿನಿಂದ ಗೊತ್ತು. ನಾನು ನಿಮ್ಮವನಲ್ಲ. ನಿಮ್ಮವರು ಯಾರಾದರೂ ಬರುವವರೆಗೆ ನಾನು ಒಗೆಯುತ್ತೇನೆ.” ಆಮೇಲೆ ಬಹಳ ಮಾತಾಡಿದೆನೆಂಬಂತೆ ಕೂತುಬಿಟ್ಟರು. ಎಲೆನ್ ಮೇಜಿನ ಡ್ರಾಯರಿನಿಂದ ಒಂದು ಬೀಗದಕೈ ತೆಗೆದು, ಬೂಟು ಮಾತ್ರ ಬಾಗಿಲಿಗೆ ಅಡ್ಡ ಇಡಬೇಡಿ ಎಂದು ಅವರ ಕೈಗೆ ಕೊಟ್ಟರು. ಲಾಂಡ್ರಿಯ ಮಾತು ಅಲ್ಲಿಗೇ ನಿಂತಿತು.

ಮರುವರ್ಷದ ವಸಂತದಲ್ಲಿ ಡೊರೊತಿ ಹೋದಳು. ಹೋಗುವ ಮುನ್ನ ಇವರನ್ನು ಹತ್ತಿರ ಕರೆದು, ತನ್ನ ಅಂತ್ಯಕ್ರಿಯೆಯ ದಿನ ಪೀಠದ ಮೇಲೆ ಹಾಸುವ ದೊಡ್ಡ ವಸ್ತ್ರಕ್ಕೆ ಆ ಅಕ್ಕಿಯದನ್ನು ಹಾಕಬೇಕು, ಅದು ಏನನ್ನೂ ಒರೆಸಬೇಕಾಗಿಲ್ಲವಲ್ಲ ಎಂದಿದ್ದಳು. ಇಂದುಶೇಖರರು ಗಂಜಿ ಬಸಿದರು, ಸೋಸಿದರು, ತೇವವಿರುವಾಗಲೇ ಇಸ್ತ್ರಿಗೆ ನಿಂತರು. ವಸ್ತ್ರವನ್ನು ಎಡತೋಳಿನ ಮೇಲೆ ಹಾಕಿಕೊಂಡು ಕಾಲುಚೀಲದಲ್ಲಿ ಪೀಠದವರೆಗೆ ನಡೆದರು. ಈ ಸಲ ಬಾಗಿಲಲ್ಲಿ ಯಾರೂ ತಡೆಯಲಿಲ್ಲ. ಹಾಸಿ, ಅಂಚು ಸರಿಪಡಿಸಲು ಬಾಗಿದಾಗ ಮೇಣದ, ಹೂಗಳ ವಾಸನೆಯ ನಡುವೆ ಎದ್ದುಬಂದ ಆ ಅಕ್ಕಿಯ ಪರಿಮಳಕ್ಕೆ ಅವರ ಎದೆಯ ಕಟ್ಟು ಬಿಚ್ಚಿತು. ಮಡಿಸಿದ ಕರವಸ್ತ್ರ ಕೋಟಿನ ಜೇಬಿನಲ್ಲೇ ಇದ್ದರೂ ತೆಗೆಯಲು ನೆನಪಾಗದೆ, ಅಲ್ಲೇ ನಿಂತು ಜೋರಾಗಿ ಅತ್ತರು.

ಬರ್ಬ್ಯಾಂಕಿನಿಂದ ಕಾರು ಓಡಿಸಿಕೊಂಡು ಬಂದಿದ್ದ ಸುರಭಿ ಅದನ್ನು ಹಿಂದಿನ ಬೆಂಚಿನಿಂದ ನೋಡಿದಳು. ಅಮ್ಮ ಸತ್ತಾಗ ಅಪ್ಪ ಅಳಲಿಲ್ಲವೆಂಬ ಮಾತು ಆ ಹುಡುಗಿಯೊಳಗೆ ಮುಳ್ಳಾಗಿ ಉಳಿದಿತ್ತು. ಮನೆಗೆ ಬಂದಮೇಲೆ ಅಪ್ಪ ಬೀರು ತೆರೆದು ಮಜ್ಜಿಗೆ ಬಣ್ಣದ ಆ ಸೀರೆಯನ್ನು ತೆಗೆದರು. ಗಂಜಿ ಹಾಗೇ ಇಟ್ಟರೆ ಮಡಿಕೆಯಲ್ಲಿ ನೂಲು ಬಿರಿಯುತ್ತದೆ, ಈಗಾಗಲೇ ತಡವಾಯಿತು ಎಂದರು. ಬೋಗುಣಿಯ ನೀರಿನಲ್ಲಿ ಅದ್ದಿ ಮೆಲ್ಲಗೆ ಕುಲುಕಿದಾಗ ಅಷ್ಟು ವರ್ಷದ ಗಂಜಿ ಬಿಟ್ಟುಕೊಂಡು ನೀರು ಮಸುಕಾಯಿತು. ಸುರಭಿ ಅದನ್ನು ಸಿಂಕಿಗೆ ಬಗ್ಗಿಸಹೊರಟು, ಅಪ್ಪನ ಮುಖ ನೋಡಿ, ತಡೆದಳು.

“ವೇರ್, ಅಪ್ಪಾ?”

“ಅಮ್ಮ ನೆಟ್ಟಿದ್ದ ಕರಿಬೇವಿಗೆ.”

ಅವಳು ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿತ್ತಲಿಗೆ ಹೋಗಿ, ಬುಡಕ್ಕೆ ಎರೆದು ಬಂದಳು. ಆಮೇಲೆ ಒದ್ದೆ ಸೀರೆಯ ಒಂದು ತುದಿ ಅಪ್ಪ, ಇನ್ನೊಂದು ತುದಿ ಮಗಳು ಹಿಡಿದು, ಕೊಡವಿ, ಬಿಸಿಲಿಗೆ ಹರವಿದರು. ಅಲ್ಲಿಂದಾಚೆ ಸಂಘದ ವಾಟ್ಸಾಪಿಗೆ ಅವಳೇ ಉತ್ತರ ಕೊಡುತ್ತಾಳೆ.

ಇಂಥವರು ಎಲ್ಲ ದೇವರ ಮನೆಗಳ ಹಿಂಬದಿಯಲ್ಲೂ ಇರುತ್ತಾರೆ. ಮಂತ್ರ ಬೇರೆಯವರದು, ಹಾಡು ಬೇರೆಯವರದು, ಮುಂದಿನ ಸಾಲಿನ ಕುರ್ಚಿಯೂ ಬೇರೆಯವರದು. ಹಾಸಿದ ಬಟ್ಟೆ ಸುಕ್ಕಿಲ್ಲದೆ ಇರುವುದನ್ನು ಯಾರೂ ಗಮನಿಸದಿರುವುದೇ ಇವರಿಗೆ ಸಲ್ಲುವ ಗೌರವ. ತಮ್ಮವರಿಗೆ ಕೊಡಲಾಗದೆ ಉಳಿದ ಆರೈಕೆಯನ್ನು ಬಿಸಾಡಲಾರದೆ, ಪಕ್ಕದ ಮನೆಯವರಿಗೋ, ಪರರ ದೇವರಿಗೋ ಒಯ್ದು ಕೊಡುತ್ತಾರೆ, ಕೊಡುತ್ತ ಕೊಡುತ್ತ ತಮ್ಮವರನ್ನು ಮತ್ತೆ ಪಡೆಯುತ್ತಾರೆ. ನೀವು ಏನನ್ನು ನಂಬುತ್ತೀರಿ ಎಂದು ಇವರನ್ನು ಕೇಳಿದರೆ ‘ಅದೇನಾಗುತ್ತೆ ಅಂದ್ರೆ’ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಕೇಳಬಾರದು, ನೀರನ್ನು ಎಲ್ಲಿ ಚೆಲ್ಲುತ್ತಾರೆ ಎಂದು ನೋಡಬೇಕು.