ಹಿರೀಸೊಸೆಯ ತಲೆ

ಹಿಟ್ಟು ಇನ್ನೂ ಗಂಟು ಒಡೆದಿಲ್ಲ, ಪಾತ್ರೆ ಅಲುಗದ ಹಾಗೆ ಕವೆಗೋಲನ್ನು ಎರಡೂ ಪಾದಗಳಲ್ಲಿ ಮೆಟ್ಟಿ ಹಿಡಿದು ಕೋಲನ್ನು ಒಂದು ಸುತ್ತು ತಿರುವಿದೆ, ಇನ್ನೊಂದು ಸುತ್ತಿಗೆ ಬಂತು ನೋಡು, ಹೊಕ್ಕುಳಿನ ಬಲಗಡೆ, ಒಳಗೆ ಕೂತು ಯಾರೋ ದಾರ ಜಗ್ಗಿದ ಹಾಗೆ — ಬಗ್ಗಬೇಡ, ಉಸಿರು ಕಟ್ಟಬೇಡ, ಮೆಲ್ಲಗೆ ಬಿಡು, ರಾಗಿಯ ಹಬೆ ಮುಖಕ್ಕೆ ಹೊಡೆಯುತ್ತಿದೆ, ಬೆವರೋ ಕಣ್ಣೀರೋ ಯಾರಿಗೂ ತಿಳಿಯುವುದಿಲ್ಲ, ಒಲೆಮುಂದೆ ಅದೊಂದು ಅನುಕೂಲ. ನಡುಮನೆಯ ತುಂಬ ನೆಂಟರು, ನಾಳೆ ಚಪ್ಪರ, ನಾಡಿದ್ದು ನನ್ನ ಮೈದುನ ರಘುನಂದನನ ಧಾರೆ, ಅಷ್ಟು ಜನರ ದನಿಯ ಮೇಲೆ ಅತ್ತೆಯ ದನಿ, ಏನವ್ವಾ ಮಂಗಳಾ, ಇಟ್ಟಾಯ್ತೋ, ಇಲ್ಲಾ ರಾಗಿ ಬೀಸಾಕೋಗಿದ್ದೀಯೋ, ಎಲ್ಲರೂ ನಕ್ಕರು, ಆಯ್ತು ಕಣತ್ತೆ ಅಂದೆ, ದನಿ ನಡುಗಲಿಲ್ಲ, ನಡುಗದ ಹಾಗೆ ಮಾತಾಡುವುದನ್ನು ಕಲಿತು ವರ್ಷಗಳಾದವು. ಅವ್ಳ ಒಟ್ಟೆ ಒಳ್ಗೆ ಗಡಿಯಾರ ಮಡ್ಗವ್ರೆ ಕಣ್ರವ್ವಾ, ಕೆಲ್ಸ ಅಂದ್ರೆ ಸಾಕು ಬಡ್ಕತದೆ — ಮತ್ತೆ ನಗು, ಅದರಲ್ಲಿ ಪುಟ್ಟರಾಜುವಿನ ನಗುವೂ ಇದೆ, ಗಂಡನ ನಗುವನ್ನು ನೂರು ನಗುವಿನಲ್ಲೂ ಬೇರೆ ಮಾಡಬಲ್ಲೆ, ಮೂಗಿನಲ್ಲಿ ಶುರುವಾಗಿ ಗಂಟಲಿಗೆ ಇಳಿಯುತ್ತದೆ, ನಗಲಿ, ಇವತ್ತು ಸಂಜೆ ನಗಲಿ.

ಕರುಳು ಅಂಟಿಕೊಂಡಿವೆ ಅಂದರು ಮೈಸೂರಿನ ಡಾಕ್ಟರು, ಒಂದಕ್ಕೊಂದು ಅಂಟಿವೆ, ಹೊಟ್ಟೆಯ ಗೋಡೆಗೂ ಅಂಟಿವೆ, ಆಪರೇಷನ್ ಆದ ಕೆಲವರಿಗೆ ಹೀಗಾಗುತ್ತದಮ್ಮ, ಇದು ನಾಟಕವೂ ಅಲ್ಲ ಗ್ಯಾಸೂ ಅಲ್ಲ, ಬಿಡಿಸಬಹುದು, ಮತ್ತೆ ಅಂಟಲೂಬಹುದು, ಆದರೆ ಹೀಗೇ ಬಿಟ್ಟರೆ ಒಂದು ದಿನ ಕರುಳು ಕಟ್ಟಿಕೊಳ್ಳುತ್ತದೆ — ಒತ್ತುಶಾವಿಗೆ ಕಣ್ಣಿಗೆ ಬಂತು, ಬಿಸಿಯಲ್ಲಿ ಬಿಡಿಸದೆ ಹಾಗೇ ಬಿಟ್ಟರೆ ಮುದ್ದೆಗಟ್ಟುತ್ತದಲ್ಲ, ಹಾಗೆ. ನಾಟಕ ಅಲ್ಲ ಅಂದರಲ್ಲ, ಆ ಒಂದು ಮಾತಿಗೆ ಅಲ್ಲೇ ಅತ್ತುಬಿಟ್ಟೆ. ಮಗ ಅಪ್ಪು ಹುಟ್ಟಿದ ಮೇಲೆ ಸ್ಕೂಲಿನಲ್ಲಿ ಮಕ್ಕಳಾಗದ ಆಪರೇಷನ್ ಕ್ಯಾಂಪ್ ಇತ್ತು, ಪುಟ್ಟರಾಜು ಮಾಡಿಸಿಕೊಳ್ಳಲಿ ಅಂತ ನರ್ಸಮ್ಮ ಅಂದದ್ದಕ್ಕೆ ಅತ್ತೆ ಎದೆ ಬಡಿದುಕೊಂಡಳು, ಗಂಡಸು ಆಪ್ರೇಸನ್ ಮಾಡ್ಸ್ಕಂಡ್ರೆ ಕಬ್ಬಿನ ಒರೆ ಎತ್ತಾಕಾಯ್ತದಾ, ಅಂಗೇನಾದ್ರೂ ಆದ್ರೆ ನೀನ್ ಬಂದ್ ಎತ್ತೀಯಾ ತಾಯಿ — ಕೊನೆಗೆ ಬೆಂಚಿನ ಮೇಲೆ ಮಲಗಿದವಳು ನಾನು, ಹೊಲಿಗೆ ಕೀವಾದದ್ದು ನನಗೆ, ಕೀವು ಒಣಗುವ ಮುಂಚೆ ಕಬ್ಬಿನ ಹೊರೆ ಎತ್ತಿದವಳೂ ನಾನೇ. ಆಮೇಲೆ ಹೊಕ್ಕುಳ ಬಟ್ಟಿ ಜಾರಿದೆ ಅಂತ ಹೊಟ್ಟೆ ತಿಕ್ಕುವ ಮಾಯಮ್ಮನನ್ನು ಕರೆಸಿ ಹರಳೆಣ್ಣೆ ಹಾಕಿ ಹೊಟ್ಟೆಯನ್ನು ಹಿಟ್ಟು ನಾದಿದ ಹಾಗೆ ನಾದಿಸಿದರು, ಆಮೇಲೆ ದೆವ್ವ ಅಂದರು, ಆಮೇಲೆ ಹೊಣಕೆರೆಯ ಕಡೆಯಿಂದ ಬರೆ ಹಾಕುವ ಕರಿಯಯ್ಯ ಬಂದ.

ಕರಿಯಯ್ಯ, ಕೆಂಡದಲ್ಲಿ ಕುಡುಗೋಲಿನ ತುದಿ, ಅತ್ತೆ ನನ್ನ ಕೈಗಳನ್ನು ತಲೆಯ ಮೇಲೆ ಒತ್ತಿ ಹಿಡಿದಿದ್ದಳು, ಬಳೆ ಒಡೆದು ನನ್ನ ಮಣಿಕಟ್ಟಿಗೇ ಚುಚ್ಚಿತ್ತು, ಕಾಲು ಹಿಡಿದವನು ನನಗೆ ತಾಳಿ ಕಟ್ಟಿದವನು, ಅಲ್ಲಾಡ್ಬ್ಯಾಡ ಕಣೇ, ಒಂದ್ಗಳ್ಗೆ, ಒಳ್ಳೇದಕ್ಕಲ್ವಾ — ನನ್ನ ಮಗಳು ಅರ್ಪಿತ ಬಾಗಿಲಲ್ಲಿ ನಿಂತಿತ್ತು, ಹಾಲುಹಲ್ಲು ಬೀಳುವ ವಯಸ್ಸು, ಯಾರೂ ಮಗುವನ್ನು ಆಚೆ ಕರೆದುಕೊಂಡು ಹೋಗಲಿಲ್ಲ. ಕರುಳು ಅಂಟಿದ್ದಕ್ಕೆ ಯಾರನ್ನೂ ದೂರುವುದಿಲ್ಲ, ಡಾಕ್ಟರೇ ಹೇಳಿದ್ದಾರಲ್ಲ, ಆದರೆ ಬರೆ? ಹೊಟ್ಟೆ ಒತ್ತಿ ನೋಡುತ್ತಿದ್ದ ಡಾಕ್ಟರು ಆ ಗೆರೆಗಳನ್ನು ಕಂಡು ಕೈ ತೆಗೆದರು, ಯಾರ್ರೀ ಇದು ಮಾಡಿಸಿದ್ದು, ಅಂತ ಇವನ ಮುಖ ನೋಡಿದರು, ಇವನು ನೆಲ ನೋಡಿಕೊಂಡು, ಅದಾ ಸಾ, ಚಿಕ್ಕುಡ್ಗಿಲಿ ಆಗಿದ್ದು, ಇವ್ರಪ್ಪ ಆಕ್ಸಿದ್ರಂತೆ ಅಂದ. ನನ್ನಪ್ಪ ಬೋರಯ್ಯ. ಮಗಳ ಮೈಮೇಲೆ ಒಂದು ಬೆರಳು ಮಡಗದೆ ಸತ್ತ ಬೋರಯ್ಯ. ಬಾಯಿ ತೆರೆದೆ, ಇವನು ನನ್ನ ಹೆಗಲ ಮೇಲೆ ಕೈ ಇಟ್ಟು ಅದುಮಿದ, ಬಾಯಿ ಮುಚ್ಚಿದೆ, ಆದರೆ ಅಪ್ಪಾ, ಅವತ್ತಿನಿಂದ ಆ ಮಾತು ನನ್ನೊಳಗೇ ಇದೆ, ಅದು ಯಾವುದಕ್ಕೂ ಅಂಟಿಕೊಂಡಿಲ್ಲ, ಬಿಡಿಯಾಗಿ ಓಡಾಡುತ್ತಿದೆ.

ಮುದ್ದೆ ಕಟ್ಟಬೇಕು, ಕೈಗೆ ತಣ್ಣೀರು, ಬಿಸಿ ಹಿಟ್ಟು, ಉಂಡೆ ಉರುಳುತ್ತದೆ, ಉರುಳಲಿ. ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಅಡ್ಮಿಟ್ ಆಗಿ ಅಂದಿದ್ದರು ಡಾಕ್ಟರು, ನಾಳೆಯೇ ಸೋಮವಾರ, ಪುಟ್ಟರಾಜು ವಾಪಸು ಬರುವಾಗ ಬಸ್ಸಿನಲ್ಲಿ, ಶ್ರೀರಂಗಪಟ್ಟಣದ ಸೇತುವೆ ದಾಟುತ್ತಿದ್ದ ಹಾಗೇ ತೀರ್ಮಾನ ಹೇಳಿಬಿಟ್ಟ, ಮದ್ವೆ ಮುಗೀಲಿ ನೋಡವ. ಅದಕ್ಕೆ ಮುಂಚೆ ಹಸು ಈಯಲಿ ಅಂದಿದ್ದ, ಅದಕ್ಕೆ ಮುಂಚೆ ಕಬ್ಬು ಕಟಾವಾಗಲಿ. ಹೊಟ್ಟೆ ಉಬ್ಬಿ ಹಸಿರು ವಾಂತಿ ಆದರೆ ಒಂದು ಗಂಟೆಯೂ ಕಾಯಬೇಡಿ ಅಂತ ಡಾಕ್ಟರು ಅವನಿಗೇ ಹೇಳಿದ್ದು. ಮೊನ್ನೆ ಕೊಟ್ಟಿಗೆಯ ಹಿಂದೆ ಆಯಿತು, ಹಸಿರು, ಬೂದಿ ಮುಚ್ಚಿದೆ, ಇವನಿಗೆ ಹೇಳಿದರೆ, ನೋಡವ ಕಣೇ, ಇವತ್ತು ಲಗ್ನಪತ್ರಿಕೆ ಹಂಚಾಕೋಗ್ಬೇಕು, ಅಂತ ಬೈಕು ಹತ್ತಿದ. ಚಲುವಮ್ಮ ಇದ್ದಿದ್ದರೆ ಆ ಬೈಕನ್ನು ಒದ್ದು ಕೆಡವುತ್ತಿದ್ದಳು, ಆಸ್ಪತ್ರೆಯ ಬೆಂಚಿನಲ್ಲಿ ಸಿಕ್ಕ ಚಲುವಮ್ಮ, ಕೆ.ಆರ್. ಪೇಟೆಯವಳು, ಗರ್ಭಕೋಶ ತೆಗೆಸಿದ ಮೇಲೆ ನನ್ನದೇ ಕಾಯಿಲೆ, ಬಿಡಿಸಿಕೊಂಡು ಬಂದವಳು, ನನ್ನ ಮುಖ ನೋಡಿಯೇ, ಬಲಗಡೀಕಾ, ಜಗ್ದಂಗಾ, ಅಂದಳು, ಹೂಂ ಅಂದೆ, ಮಂಡಿ ಮಡ್ಸ್ಕಂಡು ಎಡಕ್ ಮಗ್ಗ್ಲಾಗು, ಉಸ್ರು ಕಟ್ಬ್ಯಾಡ, ಗಂಡನ್ ಮಾತ್ ಕೇಳ್ಬ್ಯಾಡ, ಈ ಮೂರೇ ಔಸ್ದಿ ಅಂತ ನಕ್ಕಳು, ನಗುವಾಗ ಹೊಟ್ಟೆ ಹಿಡಿದುಕೊಂಡಳು, ಅವಳಿಗೂ ಪೂರ್ತಿ ಹೋಗಿಲ್ಲ. ಸೋಮ್ವಾರ ನಂಗೂ ತೋರ್ಸದದೆ, ನೀನ್ ಬಾರವ್ವ, ಮನೇವ್ರು ಯಾರು ಅಂದ್ರೆ ಅಕ್ಕ ಅಂತ ನಾನೇ ಸೈನಾಕ್ತೀನಿ.

ಅತ್ತೆ ಅಡುಗೆಮನೆಗೆ ಬಂದಳು, ಕೈಯಲ್ಲಿ ಮಡಕೆ ಹೊರುವುದಕ್ಕೆ ಹೊಸ ಸಿಂಬಿ, ಹಸಿರು ರೇಷ್ಮೆ ಬಟ್ಟೆ ಸುತ್ತಿ ತಾನೇ ಹೊಲಿದದ್ದು, ನನ್ನ ತಲೆಯ ಮೇಲಿಟ್ಟು ಅಳತೆ ನೋಡಿದಳು, ನೋಡು ಮಂಗಳಾ, ವತ್ತಾರೆ ಸ್ನಾನ ಮಾಡ್ಕಂಡು ರೆಡಿಯಾಗಿರು, ಕುಂಬಾರ್ರ ಮನೆಯಿಂದ ಮದ್ವೆ ಸಾಸ್ತ್ರದ್ ಅರಿವೇಣಿ ಮಡ್ಕೆ ನಿನ್ ತಲೆ ಮ್ಯಾಲೇ ಬರ್ಬೇಕು, ಇರೀಸೊಸೆ ಇರೋಗಂಟ ಇನ್ನೊಬ್ರು ಮುಟ್ಟಂಗಿಲ್ಲ, ನಮ್ಮತ್ತೆ ಕಾಲ್ದಲ್ಲಿ ಇರೀಸೊಸೆ ಬರದು ತಡ ಆಗಿ ಓಲಗದೋರು ಊದದ್ ಬುಟ್ಟು ಕುಂತಿದ್ರು, ಗೊತ್ತಾ? ಗೊತ್ತು ಅತ್ತೆ. ನಾಳೆ ಒಂದಿನ ಒಟ್ಟೆ ಗಿಟ್ಟೆ ಅನ್ಬ್ಯಾಡ, ಬೀಗ್ರು ನೋಡ್ತಾವ್ರೆ. ಅನ್ನಲ್ಲ ಅತ್ತೆ. ಬೆರಳುಗಳು ನನ್ನ ನೆತ್ತಿಯನ್ನು ಒತ್ತಿದವು, ಅವತ್ತು ಕೈ ಒತ್ತಿ ಹಿಡಿದಿದ್ದ ಅದೇ ಬೆರಳುಗಳು, ಹೊಟ್ಟೆ ಸುಟ್ಟವರಿಗೆ ಈಗ ತಲೆ ಬೇಕಾಗಿದೆ. ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಊರಿಗೆಲ್ಲ, ಬೀಗರಿಗೆಲ್ಲ ಅವಳೇ ಸಾರಿಕೊಂಡು ಬಂದ ಮಾತು.

ನಾಳೆ ಆಸ್ಪತ್ರೆಗೆ ಹೊರಟೆ ಅಂತ ಈಗ ಹೇಳಿದರೆ ಏನು ಮಾಡುತ್ತಾರೆ — ಬೈಯುತ್ತಾರೆ, ಆಮೇಲೆ ಅಯ್ಯನವರನ್ನು ಕೇಳಿ, ತಪ್ಪುಕಾಣಿಕೆ ಕಟ್ಟಿ, ಚಿಕ್ಕತ್ತೆಯ ಸೊಸೆಯನ್ನು ಸಜ್ಜು ಮಾಡುತ್ತಾರೆ, ಸಂಜೆಯೇ ಎಲ್ಲ ಸರಿಹೋಗುತ್ತದೆ. ಸರಿಹೋಗಬಾರದು. ಮುದ್ದೆ ಬಡಿಸುತ್ತೇನೆ, ಸಾರು ಬಡಿಸುತ್ತೇನೆ, ಪುಟ್ಟರಾಜುವಿಗೆ ತುಪ್ಪ ಜಾಸ್ತಿಯೇ ಹಾಕುತ್ತೇನೆ, ಅಪ್ಪು ಚಿಕ್ಕಪ್ಪನ ಮಗ್ಗುಲಲ್ಲಿ ಮಲಗಲಿ, ಅರ್ಪಿತಳನ್ನು ಮಾತ್ರ ಎಬ್ಬಿಸಿಕೊಳ್ಳುತ್ತೇನೆ, ಬಾಗಿಲಲ್ಲಿ ನಿಂತು ನೋಡಿದ ಕಣ್ಣು ಇದನ್ನೂ ನೋಡಲಿ, ಸ್ನಾನಕ್ಕೆ ಅಂತ ಎದ್ದವಳು ಹಿತ್ತಲ ಬಾಗಿಲಿನಿಂದ ಮೊದಲ ಬಸ್ಸಿಗೆ, ಪಾಂಡವಪುರ ದಾಟುವ ಹೊತ್ತಿಗೆ ಇಲ್ಲಿ ಓಲಗ ಶುರುವಾಗಿರುತ್ತದೆ, ಡಾಕ್ಟರು ಕೇಳಿದರೆ ಈ ಸಲ ಹೇಳುತ್ತೇನೆ, ಅಪ್ಪ ಅಲ್ಲ ಸಾರ್, ಇಬ್ಬರು ಹಿಡಿದುಕೊಂಡರು, ಒಬ್ಬ ಸುಟ್ಟ. ಏನೇ, ಒಬ್ಳೇ ನಗ್ತಿದ್ದೀಯಾ, ಬಾಗಿಲಿಂದ ಪುಟ್ಟರಾಜು. ಏನಿಲ್ಲ, ಎಲೆ ಹಾಕಿ, ಬಂದೆ. ನಾಳೆ ಬೆಳಿಗ್ಗೆ ಕುಂಬಾರರ ಅಂಗಳ, ಸುಣ್ಣ ಬಳಿದ ಮಡಕೆಗಳು, ಅತ್ತೆ ದಾರಿ ನೋಡುತ್ತಾಳೆ, ಬೀಗರು ಅತ್ತೆಯನ್ನು ನೋಡುತ್ತಾರೆ, ಮಂಗಳಾ ಎಲ್ಲಿ, ಓಲಗದವನು ಬಾಯಿಂದ ಓಲಗ ತೆಗೆದು ಒರೆಸಿಕೊಳ್ಳುತ್ತಾನೆ, ಚಾಪೆಯ ಮೇಲೆ ಹಸಿರು ಸಿಂಬಿ, ಮಂಗಳಾ ಎಲ್ಲಿ, ಯಾರೂ ಎತ್ತಿಕೊಳ್ಳುವ ಹಾಗಿಲ್ಲ, ಹಸಿರು ಸಿಂಬಿ, ಬಿಸಿಲು ಏರುತ್ತದೆ, ಚಾಪೆಯ ಮೇಲೆ, ತಲೆಯಿಲ್ಲದೆ, ಸಿಂಬಿ —