ಎರಡನೆಯವನಿಗೆ ತಡವಾಗಿ ಬಂದ ಚಪ್ಪಾಳೆ

ಸೋಮವಾರ ಬೆಳಿಗ್ಗೆ ಪೇಪರ್ ಓದಿದಾಗಿನಿಂದ ಹೊಳಬಸಪ್ಪನವರಿಗೆ ಊಟವೇ ಸೇರುತ್ತಿರಲಿಲ್ಲ. ಪುಣೆಯ ರವಿವಾರ ಪೇಠದಲ್ಲಿ ಅವರದು ರವಿಕೆ ಖಣದ ಅಂಗಡಿ. ಗುಳೇದಗುಡ್ಡದಿಂದ ಖಣ ತರಿಸಿ ಮಾರುವ ವ್ಯಾಪಾರ. ಸಂಜೆ ಧನಕವಡಿಯ ಮನೆಗೆ ಬಂದು, ಬಿಸಿ ರೊಟ್ಟಿ ಮುಂದಿಟ್ಟುಕೊಂಡು ಸುಮ್ಮನೆ ಕೂತರು.

"ಯಾಕ್ರಿ, ಅಂಗಡ್ಯಾಗ ಏನರ ಆಗ್ಯಾದೇನು?" ಹೆಂಡತಿ ಶಿವಬಸವ್ವ ಕೇಳಿದರು.

"ಅಂಗಡ್ಯಾಗ ಏನಿಲ್ಲ. ಏಕನಾಥ ಸಿಕ್ಕಿಬಿದ್ದಾನ."

ಏಕನಾಥ ಅವರ ತಮ್ಮನೂ ಅಲ್ಲ, ಅಳಿಯನೂ ಅಲ್ಲ. ರಸ್ತೆ ಸೈಕಲ್ ರೇಸಿನ ಹುಡುಗ. ಪುಣೆಯಲ್ಲೇ ಬೆಳೆದು, ದೊಡ್ಡ ತಂಡ ಸೇರಿ, ರೇಸನ್ನೇ ವೃತ್ತಿ ಮಾಡಿಕೊಂಡವನು. ಹೊಳಬಸಪ್ಪನವರು ಹರೆಯದಲ್ಲಿ ಸೈಕಲ್ಲಿನ ಮೇಲೆ ಗಂಟು ಕಟ್ಟಿಕೊಂಡು ಇಡೀ ಪುಣೆ ತಿರುಗಿ ಖಣ ಮಾರಿದವರು. ಸೈಕಲ್ ಕಂಡರೆ ಅವರಿಗೆ ಜೀವ. ಅಂಗಡಿಯಲ್ಲಿ ಬಸವಣ್ಣನವರ ಫೋಟೋದ ಪಕ್ಕದಲ್ಲೇ ಏಕನಾಥನ ಫೋಟೋ ಹಾಕಿದ್ದರು. ಹೋದ ವರ್ಷದ ಹಿಂದಿನ ವರ್ಷ ಪುಣೆಯಿಂದ ಭೋರ್ ದಾಟಿ ಘಾಟ್ ಏರುವ ರೇಸಿನಲ್ಲಿ ಅವನು ಗೆದ್ದಾಗ, ಇವರು ರಸ್ತೆಯಲ್ಲೇ ಕುಣಿದಿದ್ದರು.

ಆ ರೇಸಿನ ದಿನ ತೆಗೆದಿಟ್ಟಿದ್ದ ಅವನ ಮೂತ್ರದ ಸ್ಯಾಂಪಲ್ಲನ್ನು ಈಗ ಮತ್ತೆ ಪರೀಕ್ಷೆ ಮಾಡಿದ್ದರು. ಅದರಲ್ಲಿ ಉದ್ದೀಪನ ಮದ್ದು ಸಿಕ್ಕಿತ್ತು. ಏಕನಾಥ ತಪ್ಪು ಒಪ್ಪಿಕೊಂಡಿದ್ದ. ಗೆಲುವೂ ಹೋಯಿತು, ಕೆಲವು ವರ್ಷ ರೇಸಿಗೆ ಇಳಿಯುವಂತೆಯೂ ಇಲ್ಲ.

ಅಷ್ಟರಲ್ಲಿ ಮೇಲಿನ ಮನೆಯ ಇಂಪನಾ ಬಂದಳು. ಮಂಡ್ಯದ ಕಡೆಯ ಹುಡುಗಿ. ಆಟಗಾರರಿಗೆ ಫಿಸಿಯೋಥೆರಪಿ ಮಾಡುವ ಕ್ಲಿನಿಕ್ಕಿನಲ್ಲಿ ಕೆಲಸ. ಶಿವಬಸವ್ವನ ಕೈಯ ಚಹಾ ಕುಡಿಯದೆ ಅವಳಿಗೆ ಸಂಜೆ ಆಗುವುದಿಲ್ಲ.

"ನೀನ ಹೇಳವ್ವ," ಹೊಳಬಸಪ್ಪನವರು ಶುರು ಮಾಡಿದರು. "ಎಲ್ಲಾರೂ ತಗೊಂತಾರ. ಇವ ಒಬ್ಬನ ಸಿಕ್ಕಾನ. ಅಷ್ಟ ದೊಡ್ಡ ಘಾಟ್ ಏರೂದು ಬರೇ ರೊಟ್ಟಿ ತಿಂದು ಆಗ್ತದೇನು?"

"ಎಲ್ರೂ ತಗೊಳಲ್ಲ ಅಂಕಲ್. ಎಲ್ರೂ ಕಳ್ರು ಅಂದುಬಿಟ್ರೆ, ತಗೊಳ್ದೇ ಓಡ್ಸೋರಿಗೆ ಎಷ್ಟು ಬೇಜಾರಾಗುತ್ತೆ ಹೇಳಿ."

"ಆದ್ರ ಪೆಡಲ್ ತುಳದಾಂವ ಅವನ ಅಲ್ಲೇನು? ಮದ್ದಿನ ಸೂಜಿ ಏನು ಸೈಕಲ್ ಹತ್ತಿ ಕೂತಿತ್ತೇನು?"

ಇಂಪನಾಗೆ ನಗು ಬಂತು. ಆದರೆ ಉತ್ತರ ಕೊಡುವಾಗ ನಗಲಿಲ್ಲ.

"ಅವ್ನು ತಗೊಂಡಿದ್ದು ರಕ್ತದಲ್ಲಿ ಕೆಂಪು ಕಣ ಜಾಸ್ತಿ ಮಾಡೋ ಮದ್ದು. ಆಕ್ಸಿಜನ್ ಜಾಸ್ತಿ ಸಿಗುತ್ತೆ, ಬೇಗ ಸುಸ್ತಾಗಲ್ಲ. ಆದ್ರೆ ರಕ್ತ ಗಟ್ಟಿ ಆಗ್ತಾ ಹೋಗುತ್ತೆ. ಎಲ್ಲಾದ್ರೂ ಹೆಪ್ಪುಗಟ್ಟಿದ್ರೆ ಹಾರ್ಟ್ ಅಟ್ಯಾಕೋ ಸ್ಟ್ರೋಕೋ ಆಗ್ಬಹುದು. ಗಟ್ಟಿಮುಟ್ಟಾದ ಹುಡುಗರಿಗೂ. ನೀವು ಅವನನ್ನ ಇಷ್ಟ ಪಡ್ತೀರಲ್ಲ ಅಂಕಲ್, ಅವನಿಗೆ ಹೀಗಾಗ್ಲಿ ಅಂತ ಬಯಸ್ತೀರಾ?"

ಹೊಳಬಸಪ್ಪನವರು ರೊಟ್ಟಿಯ ಅಂಚು ಮುರಿದರು, ತಿನ್ನಲಿಲ್ಲ. "ಇಲ್ಲವ್ವ," ಅಂದರು. ತಾಟು ಪಕ್ಕಕ್ಕೆ ಸರಿಸಿ, "ನನಗ ಸಿಟ್ಟು ಬಂದದೋ ದುಃಖ ಆಗ್ಯಾದೋ ತಿಳೀವಲ್ದು. ಅವತ್ತ ನಾ ಕುಣದಿದ್ದು ಖರೇನ ಇತ್ತು. ಅವನ ಗೆಲುವಷ್ಟ ಸುಳ್ಳಾತು," ಅಂದರು.

ಚಹಾ ಸೋಸುತ್ತಿದ್ದ ಶಿವಬಸವ್ವ ಅಲ್ಲಿಂದಲೇ ಕೇಳಿದರು. "ಅಲ್ರಿ, ಅವತ್ತ ಎರಡನೇ ನಂಬರ್ ಯಾರು ಬಂದಿದ್ರು?"

ಏಕನಾಥ ಬೆಳಿಗ್ಗೆ ಏನು ತಿನ್ನುತ್ತಾನೆ, ಅವನ ಸೈಕಲ್ಲಿನ ಗಾಲಿ ಎಲ್ಲಿಂದ ಬಂತು, ಎಲ್ಲ ಹೊಳಬಸಪ್ಪನವರಿಗೆ ಬಾಯಿಪಾಠ. ಎರಡನೆಯವನ ಹೆಸರು ಮಾತ್ರ ಗೊತ್ತಿರಲಿಲ್ಲ.

"ನಂಗೆ ಗೊತ್ತು ಆಂಟಿ," ಇಂಪನಾ ಹೇಳಿದಳು. "ದೇವದಾಸ್ ಅಂತ. ತಳೇಗಾಂವ ದಾಭಾಡೆ ಊರಿನವ್ರು. ಮಂಡಿ ನೋವಿಗೆ ನಮ್ಮ ಕ್ಲಿನಿಕ್ಕಿಗೆ ಬರ್ತಿದ್ರು. ಈಗ ಆ ರೇಸ್ ಗೆದ್ದೋರು ಅವ್ರೇ. ರೇಸಿನವರಿಂದ ಒಂದು ಇ-ಮೇಲ್ ಬಂತಂತೆ, ಅಷ್ಟೇ. ಯಾರೂ ಫೋನ್ ಕೂಡ ಮಾಡ್ಲಿಲ್ವಂತೆ. ಸೈಕಲ್ ಮಾರಿಬಿಡ್ತೀನಿ ಅಂತಿದ್ರು."

"ಮಾರಿಬಿಡ್ತಾನಂತೇನು?" ಶಿವಬಸವ್ವ ಚಹಾದ ಪಾತ್ರೆ ಕೆಳಗಿಟ್ಟರು. "ಏನ್ರಿ, ಐತವಾರ ಅಂಗಡಿ ಬಂದ್ ಇರ್ತದಲ್ಲ. ಹೋಗಿ ಬರೂಣು ನಡೀರಿ."

ಇಂಪನಾ ದೇವದಾಸನಿಗೆ ಫೋನ್ ಮಾಡಿ ತಿಳಿಸಿದಳು. ಭಾನುವಾರ ಮೂವರೂ ಲೋಣಾವಳಾ ಲೋಕಲ್ ರೈಲು ಹಿಡಿದು ತಳೇಗಾಂವದಲ್ಲಿ ಇಳಿದರು. ಶಿವಬಸವ್ವನ ಚೀಲದಲ್ಲಿ ಶೇಂಗಾ ಹೋಳಿಗೆ ಇತ್ತು, ದೇವದಾಸನ ತಾಯಿಗೆಂದು ಒಂದು ಖಣ ಇತ್ತು. ಹೊಳಬಸಪ್ಪನವರ ಕೈಯಲ್ಲಿ ಇನ್ನೊಂದು ಚೀಲ. ಒಳಗೇನಿದೆ ಎಂದು ಕೇಳಿದರೆ, "ಹುಡುಗಗ ಬೇಕಾದ್ದು," ಎಂದಷ್ಟೇ ಹೇಳಿದರು.

ಕಾರ್ಖಾನೆಗಳ ಹಿಂದಿನ ಹೊಸ ಕಾಲೊನಿಯಲ್ಲಿ ದೇವದಾಸನ ಮನೆ. ತೆಳ್ಳನೆಯ, ಬಿಸಿಲಿಗೆ ಕಪ್ಪಾದ ಯುವಕ. ಹೊಳಬಸಪ್ಪನವರು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮರಾಠಿ ಮಾತು ಜೋಡಿಸಿಕೊಂಡು ಬಂದಿದ್ದರು. ಬಾಗಿಲಲ್ಲಿ ಅವನ ತಾಯಿ, "ಬರ್ರಿ, ಒಳಗ ಬರ್ರಿ," ಅಂದಾಗ ಅವೆಲ್ಲ ಮರೆತೇ ಹೋಯಿತು. ಆಕೆ ಅಕ್ಕಲಕೋಟೆಯ ಕಡೆಯವರು. ಮನೆ ಮಾತು ಕನ್ನಡವೇ.

ಹೋಳಿಗೆ ಹಂಚಿದ ಮೇಲೆ ಹೊಳಬಸಪ್ಪನವರು ತಮ್ಮ ಚೀಲದಿಂದ ದೊಡ್ಡ ಡಬ್ಬಿ ತೆಗೆದರು. ಮೇಲೆ ಆನೆಯ ಚಿತ್ರ, ಕೆಳಗೆ ಶಕ್ತಿ ಚೂರ್ಣ ಎಂಬ ಬರಹ. "ನಮ್ಮ ಅಂಗಡಿ ಬಾಜೂದವ ಕೊಟ್ಟಾನ. ದಿನಾ ಒಂದ ಚಮಚ ಹಾಲಿನ್ಯಾಗ ಹಾಕ್ಕೊಂಡು ಕುಡಿಯಪ್ಪ. ಘಾಟ್ ಏನು, ಗ್ವಾಡೀನೂ ಏರ್ತಿ ನೋಡು."

ದೇವದಾಸ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಸುತ್ತಲೂ ತಿರುಗಿಸಿ ನೋಡಿದ. ಆಮೇಲೆ ಮೆಲ್ಲಗೆ ಟೀಪಾಯಿ ಮೇಲಿಟ್ಟ.

"ಕಾಕಾ, ಸಿಟ್ಟ ಮಾಡ್ಕೋಬ್ಯಾಡ್ರಿ. ಇದನ್ನ ನಾ ತಿನ್ನಾಂಗಿಲ್ಲ. ಒಳಗ ಏನೇನದ ಅಂತ ಇದರ ಮ್ಯಾಲ ಬರದಿಲ್ಲ."

"ಎಲ್ಲಾ ಗಿಡಮೂಲಿಕಿ ಅಂದಾನಪ್ಪ."

"ಅಂಕಲ್," ಇಂಪನಾ ಮಧ್ಯೆ ಬಂದಳು, "ಇಂಥ ಪೌಡರಲ್ಲಿ ಕೆಲವ್ರು ಸ್ಟೆರಾಯ್ಡ್ ಬೆರೆಸಿರ್ತಾರೆ. ತಿಂದೋರಿಗೆ ಗೊತ್ತೇ ಇರಲ್ಲ. ಟೆಸ್ಟಲ್ಲಿ ಬಂದ್ರೆ, ಯಾರೋ ಕೊಟ್ರು, ನಂಗೊತ್ತಿಲ್ಲ ಅಂದ್ರೂ ತಪ್ಪಿಸ್ಕೊಳಕ್ಕಾಗಲ್ಲ. ಮೈಯೊಳಗೆ ಏನು ಹೋಯ್ತೋ ಅದಕ್ಕೆ ಆಟಗಾರನೇ ಜವಾಬ್ದಾರಿ. ಕೆಲವು ಶೀತದ ಮಾತ್ರೆಯಲ್ಲೂ ನಿಷೇಧ ಇರೋ ಮದ್ದು ಇರುತ್ತೆ."

"ಮತ್ತ ಜ್ವರ ಬಂದ್ರ ಏನ್ ಮಾಡಬೇಕು, ಸುಮ್ಮ ಮಲಗಬೇಕೇನು?" ಶಿವಬಸವ್ವ ಕೇಳಿದರು.

"ಹಂಗೇನಿಲ್ಲ ಕಾಕು," ದೇವದಾಸನೇ ಹೇಳಿದ. "ಡಾಕ್ಟರಿಗೆ ಮೊದಲ ಹೇಳ್ತೀನಿ, ನಾ ರೇಸಿನಾಂವ ಅಂತ. ಔಷಧದ ಹೆಸರು ಆಟಗಾರರ ಡಾಕ್ಟರಿಗೋ ನಾಡಾದವರಿಗೋ ಕೇಳಿ ಖಾತ್ರಿ ಮಾಡ್ಕೋತೀನಿ. ನಿಷೇಧ ಇದ್ದ ಔಷಧಾನ ಬೇಕ ಬೇಕು ಅಂದ್ರ, ಪರವಾನಗಿ ಕೇಳಾಕ ದಾರಿ ಅದ."

ನಾಡಾ ಎಂದರೆ ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ. ಹೊಳಬಸಪ್ಪನವರು ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿದರು. "ಅಂದ್ರ ಏಕನಾಥನ ಮ್ಯಾಲ ಸಿಟ್ಟ ಮಾಡ್ಕೊಂಡು, ನಿನ್ನ ನಾನ ಕೆಡಸಾಕ ಬಂದಂಗಾತು," ಅಂದರು. ದೇವದಾಸನ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕೊನೆಗೆ ಹೊಳಬಸಪ್ಪನವರೂ ನಕ್ಕರು.

ಚಹಾ ಬಂತು. ಶಿವಬಸವ್ವ ಕೇಳಿದರು. "ಅವತ್ತ ನೀ ಘಾಟ್ ಏರಿ ಬಂದಾಗ ಹೆಂಗಿತ್ತಪ್ಪ?"

ದೇವದಾಸ ಲೋಟ ಕೆಳಗಿಟ್ಟ. "ನಾ ಬಂದಾಗ ಮಂದಿ ಇರಲಿಲ್ರಿ. ಎಲ್ಲಾರೂ ಏಕನಾಥನ ಫೋಟೋ ತಗೋಳಾಕ ಓಡಿದ್ರು. ರಸ್ತಾದ ಮ್ಯಾಲ ಬರೇ ನೀರಿನ ಬಾಟ್ಲಿ ಬಿದ್ದಿದ್ವು. ನನ್ನ ಕಾಲಾಗ ದಮ್ಮ ಇಲ್ಲ ಅಂತ ಅನಿಸ್ತು. ಮುಂದ ತಂಡದವರೂ ನನ್ನ ಕೈಬಿಟ್ರು. ಜಿಮ್ಮಿನ್ಯಾಗ ಒಬ್ಬಾಂವ ಬಂದು ಹೇಳಿದ, ಏಕನಾಥ ತಗೊಳ್ಳೂದ ಕೊಡ್ತೀನಿ, ಒಂದು ವಾರ ನೋಡು ಅಂತ."

"ಮತ್ತ?"

"ಕೈಯಾಗ ಹಿಡ್ಕೊಂಡಿದ್ನಿರಿ. ಆಮೇಲ, ಇದರಿಂದ ಗೆದ್ರ ಗೆದ್ದಾಂವ ನಾ ಹೌದೋ ಅಲ್ಲೋ ಅಂತ ನನಗ ಗೊತ್ತಾಗೂದ ಇಲ್ಲಲ್ಲ ಅನಿಸ್ತು. ಹೊಳ್ಳಿ ಕೊಟ್ಟ ಬಂದೆ. ಈಗ ಕಾರ್ಖಾನ್ಯಾಗ ಕೆಲಸ ಮಾಡ್ತೀನಿ. ನೀ ಗೆದ್ದಿ ಅಂತ ಮೇಲ್ ಬಂತು ಖರೆ. ಮೇಲಿನ್ಯಾಗ ಏನ್ರಿ, ಚಪ್ಪಾಳಿ ಕೇಳಸ್ತದೇನು?"

ಹೊಳಬಸಪ್ಪನವರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಅವತ್ತ ಓಡಿದವರಾಗ ನಾನೂ ಒಬ್ಬಾಂವ," ಅಂದರು. ಆಮೇಲೆ ಹುಡುಗನ ಕಡೆ ತಿರುಗಿದರು. "ಸೈಕಲ್ ಈಗ ಮಾರಬ್ಯಾಡ. ಮುಂದಿನ ಐತವಾರ ಆ ಘಾಟ್ ಇನ್ನೊಮ್ಮೆ ಏರು. ಮ್ಯಾಲ ನಾವು ನಿಂತಿರ್ತೀವಿ. ಆಮೇಲ ನಿನ್ನ ಮನಸು."

ದೇವದಾಸ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಮರುದಿನ ಅಂಗಡಿಯಲ್ಲಿ ಹೊಳಬಸಪ್ಪನವರು ಏಕನಾಥನ ಫೋಟೋ ಇಳಿಸಿದರು. ಹರಿಯಲಿಲ್ಲ, ಒರೆಸಿ ಕಪಾಟಿನಲ್ಲಿಟ್ಟರು. "ಶಿಕ್ಷಾ ಮುಗಿಸಿ, ಮದ್ದು ಬಿಟ್ಟು ಬರಲಿ. ಆಗ ನೋಡೂಣು," ಎಂದು ಕೇಳಿದವರಿಗೆಲ್ಲ ಹೇಳಿದರು. ಶಕ್ತಿ ಚೂರ್ಣದ ಡಬ್ಬಿಯನ್ನು ಪಕ್ಕದ ಅಂಗಡಿಗೆ ವಾಪಸು ಕೊಟ್ಟು, ಒಳಗೆ ಏನಿದೆ ಎಂದು ಬರೆಯದ ಡಬ್ಬಿ ಮಾರಬೇಡ ಎಂದು ಅವನ ಜೊತೆ ಜಗಳವನ್ನೂ ಮಾಡಿ ಬಂದರು.

ಭಾನುವಾರ ದೇವದಾಸನ ತಾಯಿಯನ್ನೂ ಓಣಿಯ ಕನ್ನಡ ಮಂದಿಯನ್ನೂ ಒಂದು ಟೆಂಪೋದಲ್ಲಿ ತುಂಬಿಕೊಂಡು ಭೋರ್ ದಾಟಿ ಘಾಟಿನ ಮೇಲೆ ಹೋದರು. ಯಾರೋ ಹಲಗೆ ವಾದ್ಯ ತಂದಿದ್ದರು, ಯಾರೋ ಭಜನೆಯ ತಾಳ. ಶಿವಬಸವ್ವ ರಸ್ತೆಗೆ ಅಡ್ಡಲಾಗಿ ರಂಗೋಲಿ ಪುಡಿಯಿಂದ ಬಿಳಿ ಗೆರೆ ಎಳೆದರು. ಮೋಡ ಇಳಿದು ತಿರುವು ಕಾಣಿಸದಂತಾಯಿತು. ಹೊತ್ತು ಹೋಯಿತು. ದೇವದಾಸನ ಸುಳಿವಿಲ್ಲ.

"ಬರ್ತಾನೋ ಇಲ್ಲೋ," ಹೊಳಬಸಪ್ಪನವರು ಗೊಣಗಿದರು.

"ಸುಮ್ಮ ನಿಂದ್ರರಿ. ಏರೂದದ ಅಲ್ಲೇನು, ನಿಮ್ಮ ಟೆಂಪೋನ ಉಸಿರು ಬಿಡ್ಲಿಕ್ಕೆ ಹತ್ತಿತ್ತು," ಶಿವಬಸವ್ವ ಅಂದರು.

ಮೊದಲು ಚೈನಿನ ಸದ್ದು ಕೇಳಿಸಿತು. ಆಮೇಲೆ ಮೋಡದೊಳಗಿಂದ ಕೆಂಪು ಅಂಗಿ ಬಂತು. ದೇವದಾಸ ಸೀಟಿನಿಂದ ಎದ್ದು ತುಳಿಯುತ್ತಿದ್ದ. ಅವನ ಹಿಂದೆ ಪುಣೆಯಿಂದ ರಜೆಯ ಸವಾರಿಗೆ ಬಂದಿದ್ದ ಅಪರಿಚಿತ ಹುಡುಗರು, ಹುಡುಗಿಯರು ಸಾಲಾಗಿ ಏರುತ್ತಿದ್ದರು. ಕೆಳಗಿನ ಚಹಾದಂಗಡಿಯಲ್ಲಿ ಸುದ್ದಿ ಕೇಳಿ ಬೆನ್ನು ಹತ್ತಿದವರು. ಗೆರೆ ಹತ್ತಿರ ಬಂದಾಗ ಅವರೆಲ್ಲ ಬೇಕಂತಲೇ ವೇಗ ಕಡಿಮೆ ಮಾಡಿದರು.

ಹಲಗೆ ಮೊಳಗಿತು, ತಾಳ ಝಣಗುಟ್ಟಿತು. ಇಂಪನಾ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದಳು. ದೇವದಾಸ ಹ್ಯಾಂಡಲ್ ಬಿಟ್ಟು ಎರಡೂ ಕೈ ಮೇಲೆತ್ತಿ ಬಿಳಿ ಗೆರೆ ದಾಟಿದ. ಅವನ ತಾಯಿ ಆರತಿ ತಟ್ಟೆ ಹಿಡಿದುಕೊಂಡೇ ಅತ್ತರು, ಅಳುತ್ತಲೇ ನಕ್ಕರು. ಹೊಳಬಸಪ್ಪನವರು ಧೋತರ ಎತ್ತಿಕಟ್ಟಿ ರಸ್ತೆಯ ನಡುವೆ ಕುಣಿದರು.

"ಕಾಕಾ," ದೇವದಾಸ ಏದುಸಿರು ಬಿಡುತ್ತ ಹೇಳಿದ, "ಮುಂದಿನ ರೇಸಿಗೆ ಹೆಸರು ಕೊಡ್ತೀನಿ. ಗೆಲ್ತೀನಿ ಅಂತ ಮಾತ್ರ ಹೇಳಾಂಗಿಲ್ಲ."

"ಗೆಲ್ಲು ಅಂತ ಯಾರು ಕೇಳ್ಯಾರಪ್ಪ? ಹದಿನೈದನೇ ನಂಬರ್ ಬಂದ್ರೂ ನಾ ಇಲ್ಲೇ ನಿಂತಿರ್ತೀನಿ," ಅಂದರು ಹೊಳಬಸಪ್ಪನವರು.

ಈ ಕಥೆ ಕೇಳಿದ ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಓಣಿಯಲ್ಲೂ ಸೈಕಲ್ ತುಳಿಯುವ, ಓಡುವ, ಕುಸ್ತಿ ಆಡುವ ಮಕ್ಕಳಿದ್ದಾರೆ. ಅವರಿಗೆ ಮನೆಯ ಊಟ ಕೊಡಿ, ಸಾಕಷ್ಟು ನಿದ್ದೆ ಮಾಡಲು ಬಿಡಿ. ಹೆಸರು ಗೊತ್ತಿಲ್ಲದ ಪುಡಿಯನ್ನೋ ಜಿಮ್ಮಿನವನು ಕೊಟ್ಟ ಸೂಜಿಯನ್ನೋ ಯಾರಾದರೂ ತಂದರೆ, ಪ್ರೀತಿಯಿಂದ ತಂದಿದ್ದರೂ ಬೇಡ ಎನ್ನಿ. ಆಸ್ಪತ್ರೆಗೆ ಹೋದಾಗ, ನಮ್ಮ ಹುಡುಗಿ ಆಟಗಾರ್ತಿ, ನಮ್ಮ ಹುಡುಗ ಆಟಗಾರ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಇನ್ನು ರಸ್ತೆಬದಿಯಲ್ಲಿ ನಿಂತು ರೇಸ್ ನೋಡುವವರಿಗೆ ಒಂದು ಮಾತು: ಮೊದಲನೆಯವನು ಹೋದ ಕೂಡಲೇ ಮನೆಗೆ ಹೊರಡಬೇಡಿ. ಹಿಂದೆ ಇನ್ನೂ ಯಾರೋ ತಮ್ಮ ಸ್ವಂತ ಕಾಲಿನ ಬಲದಲ್ಲಿ ಏರಿ ಬರುತ್ತಿದ್ದಾರೆ. ಅವರು ಬರುವ ತನಕ ನಿಂತು, ಕೈ ತುಂಬ ಚಪ್ಪಾಳೆ ತಟ್ಟಿ.